ಕಿಲಿಮಾನಿಯ ಫ್ಲ್ಯಾಟಿಗೊಂದು ಪುಟ್ಟ ಮೀಡಿಯಾ ಸರ್ವರ್

ಮನೆಗೊಂದು ಮೀಡಿಯಾ ಸರ್ವರ್ ಕಟ್ಟಲು ಹೊರಟವರು ಮೊದಲು ಕೇಳುವುದು ಪ್ರೊಸೆಸರ್ ಯಾವುದು ಎಂದು. ನೈರೋಬಿಯ ಕಿಲಿಮಾನಿಯಲ್ಲಿ ಅದು ಮೂರನೆಯ ಪ್ರಶ್ನೆ. ಯಾರು, ಯಾವ ಪರದೆಯಲ್ಲಿ ನೋಡುತ್ತಾರೆ ಎಂಬುದು ಮೊದಲನೆಯದು. ಕರೆಂಟು ಹೋದರೆ ಏನಾಗುತ್ತದೆ ಎಂಬುದು ಎರಡನೆಯದು. ಇವೆರಡಕ್ಕೂ ಉತ್ತರ ಸಿಕ್ಕಿದರೆ ಪ್ರೊಸೆಸರ್ ತಾನಾಗಿ ತೀರ್ಮಾನವಾಗುತ್ತದೆ, ಅದೂ ಅಗ್ಗದಲ್ಲಿ.

ಫೈಬರ್ ಸಂಪರ್ಕ ಇರುವಾಗ ಸರ್ವರ್ ಏಕೆ ಎನ್ನಬಹುದು. 2024ರ ಮೇ 12ರಂದು ಸೀಕಾಮ್ ಮತ್ತು ಈಸಿ ಎಂಬ ಸಮುದ್ರದಡಿಯ ಕೇಬಲ್‌ಗಳು ದಕ್ಷಿಣ ಆಫ್ರಿಕಾದ ಕಡೆ ತುಂಡಾದಾಗ ಕೆನ್ಯಾ ಸೇರಿದಂತೆ ಪೂರ್ವ ಆಫ್ರಿಕಾದಲ್ಲೆಲ್ಲ ಇಂಟರ್ನೆಟ್ ಕುಂಟಿತು. ಮನೆಯೊಳಗಿನ ಸಂಗ್ರಹಕ್ಕೆ ಆ ಕೇಬಲ್‌ಗಳ ಹಂಗಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇಲ್ಲಿನ ಕನ್ನಡಿಗರಾದ ನಮ್ಮ ಸಂಗ್ರಹವೇ. ಊರಿನಿಂದ ಸೂಟ್‌ಕೇಸಿನಲ್ಲಿ ಬಂದ ಸಿನಿಮಾ ವಿಸಿಡಿ, ಡಿವಿಡಿಗಳು, ಮದುವೆ ಉಪನಯನಗಳ ಮಿನಿಡಿವಿ ಟೇಪುಗಳು, ಅಜ್ಜಿ ಹೇಳಿದ ಹಾಡಿನ ಕ್ಯಾಸೆಟ್ಟುಗಳು. ಮನೆಯವರ ಈ ದೃಶ್ಯ, ಈ ದನಿ ಯಾವ ಓಟಿಟಿಯಲ್ಲೂ ಸಿಗುವುದಿಲ್ಲ.

ಸರ್ವರ್ ಮಾಡುವ ಕೆಲಸ ಎರಡು ಬಗೆಯದು. ಫೈಲು ಯಾವ ರೂಪದಲ್ಲಿದೆಯೋ ಅದೇ ರೂಪವನ್ನು ಟಿವಿ ಓದಬಲ್ಲದಾದರೆ ಸರ್ವರ್ ಅದನ್ನು ಹಾಗೆಯೇ ಕಳಿಸಿಬಿಡುತ್ತದೆ. ಹತ್ತು ವರ್ಷದ ಹಳೆಯ ಕಂಪ್ಯೂಟರಿಗೂ ಇದು ಸಲೀಸು. ಟಿವಿಗೆ ಆ ರೂಪ ಗೊತ್ತಿಲ್ಲದಿದ್ದರೆ, ಅಥವಾ ನೋಡುವವರ ಇಂಟರ್ನೆಟ್ ನಿಧಾನವಾಗಿದ್ದರೆ, ಸರ್ವರ್ ಆ ಕ್ಷಣದಲ್ಲೇ ವಿಡಿಯೊವನ್ನು ಬಿಚ್ಚಿ ಬೇರೆ ರೂಪಕ್ಕೆ ಕಟ್ಟಿ ಕಳಿಸಬೇಕು. ಇದೇ ಟ್ರಾನ್ಸ್‌ಕೋಡಿಂಗ್. ಬ್ಲೂರೇ ಡಿಸ್ಕಿನ ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಚಿತ್ರಗಳು. ಅವನ್ನು ಓದದ ಟಿವಿಯಲ್ಲಿ ಸಬ್‌ಟೈಟಲ್ ಹಾಕಿದೊಡನೆ ಇಡೀ ಸಿನಿಮಾ ಟ್ರಾನ್ಸ್‌ಕೋಡ್ ಆಗಬೇಕಾಗುತ್ತದೆ. ಸಿಪಿಯು ಒಂದೇ ಈ ಭಾರ ಹೊತ್ತರೆ 4ಕೆ ಸಿನಿಮಾ ತಡವರಿಸುತ್ತದೆ, ಫ್ಯಾನು ಕೂಗುತ್ತದೆ. ಚಿಪ್‌ನೊಳಗೆ ವಿಡಿಯೊಗೆಂದೇ ಮೀಸಲಾದ ಭಾಗವಿದ್ದರೆ ಅದೇ ಕೆಲಸ ಕೆಲವೇ ವಾಟ್‌ಗಳಲ್ಲಿ ಮುಗಿಯುತ್ತದೆ. ಇಂಟೆಲ್ ಚಿಪ್‌ಗಳಲ್ಲಿ ಈ ಭಾಗದ ಹೆಸರು ಕ್ವಿಕ್ ಸಿಂಕ್. ಇಂಥ ಸರ್ವರ್‌ಗೆ ಚಿಪ್ ಆರಿಸುವಾಗ ಗಿಗಾಹರ್ಟ್ಸ್‌ಗಿಂತ ಮುಖ್ಯ ಇದು.

ಹಾಗಾಗಿ ನನ್ನ ಮಟ್ಟಿಗೆ ಆಯ್ಕೆ ಎರಡೇ. ಹೊಸದು ಬೇಕೆಂದರೆ ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ. 2023ರಲ್ಲಿ ಬಂದ ಈ ಚಿಪ್ಪಿಗೆ ನಾಲ್ಕು ಕೋರ್‌ಗಳು, 6 ವಾಟ್‌ನ ಮಿತಿ. ಎಚ್‌ಇವಿಸಿ 10 ಬಿಟ್ ಎಂಬ ವಿಡಿಯೊ ರೂಪವನ್ನು ಓದಿ ಬರೆಯುತ್ತದೆ, ಎವಿ1 ಎಂಬ ರೂಪವನ್ನು ಓದುತ್ತದೆ. ಹಳೆಯದಾದರೂ ಆದೀತೆಂದರೆ ನೈರೋಬಿಯಲ್ಲಿ ‘ಎಕ್ಸ್ ಯುಕೆ’ ಎಂದು ಮಾರುವ, ಬ್ರಿಟನ್ನಿನ ಕಚೇರಿಗಳಲ್ಲಿ ದುಡಿದು ಬಂದ ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೀಟ್‌ಡೆಸ್ಕ್ ಮಿನಿ, ಲೆನೊವೊ ಥಿಂಕ್‌ಸೆಂಟರ್ ಟೈನಿಗಳಿವೆ. ಐ5-8500ಟಿ ಇರುವಂಥದ್ದು ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಬಹುದು. ಆರನೆಯ ತಲೆಮಾರಿನ ಚಿಪ್ ಬೇಡ, ಅದರ ಕ್ವಿಕ್ ಸಿಂಕ್‌ಗೆ 10 ಬಿಟ್ ಎಚ್‌ಇವಿಸಿ ಬರುವುದಿಲ್ಲ. ಏಳನೆಯದರಿಂದ ಮೇಲೆ ಎಂಬ ಗೆರೆ ಹಾಕಿಕೊಳ್ಳಿ. ರಾಸ್ಪ್‌ಬೆರಿ ಪೈ 5 ಎಷ್ಟೇ ಮುದ್ದಾಗಿದ್ದರೂ ಅದರಲ್ಲಿ ವಿಡಿಯೊ ಕಟ್ಟುವ ಯಂತ್ರಭಾಗವೇ ಇಲ್ಲ.

ತಂತ್ರಾಂಶಕ್ಕೆ ಜೆಲ್ಲಿಫಿನ್ ಸಾಕು. 2018ರ ಕೊನೆಯಲ್ಲಿ ಎಂಬಿ (Emby) ಎಂಬ ತಂತ್ರಾಂಶದಿಂದ ಕವಲೊಡೆದ ಈ ಮುಕ್ತ ತಂತ್ರಾಂಶ ಕ್ವಿಕ್ ಸಿಂಕ್ ಬಳಕೆಗೆ ಹಣ ಕೇಳುವುದಿಲ್ಲ. ಇಂಥದ್ದೇ ಇನ್ನೊಂದು ತಂತ್ರಾಂಶವಾದ ಪ್ಲೆಕ್ಸ್‌ನಲ್ಲಿ ಅದಕ್ಕೆ ಚಂದಾ ಬೇಕು.

ಈಗ ಕರೆಂಟಿನ ವಿಷಯ. ದಿನವಿಡೀ ಉರಿಯುವ ಯಂತ್ರವಾದ್ದರಿಂದ ಪ್ರತಿ ವಾಟ್‌ಗೂ ಲೆಕ್ಕವಿದೆ. 10 ವಾಟ್‌ನ ಮಿನಿ ಪಿಸಿ ವರ್ಷಕ್ಕೆ ಸುಮಾರು 88 ಯೂನಿಟ್ ತಿನ್ನುತ್ತದೆ. 60 ವಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ 526. ಯೂನಿಟ್‌ಗೆ 28 ಶಿಲ್ಲಿಂಗ್ ಎಂದು ಹಿಡಿದರೂ ವ್ಯತ್ಯಾಸ ವರ್ಷಕ್ಕೆ 12,000 ಶಿಲ್ಲಿಂಗ್ ದಾಟುತ್ತದೆ. ನಿಮ್ಮ ಮನೆಯ ನಿಜವಾದ ದರ ಎಂಪೆಸಾ ಮೊಬೈಲ್ ಪಾವತಿಯಲ್ಲಿ ಕೊಂಡ ವಿದ್ಯುತ್ ಟೋಕನ್‌ನ ಸಂದೇಶದಲ್ಲೇ ಇರುತ್ತದೆ, ಕೊಟ್ಟ ಹಣವನ್ನು ಬಂದ ಯೂನಿಟ್‌ಗಳಿಂದ ಭಾಗಿಸಿ ನೋಡಿ. ‘ಮನೆಯಲ್ಲೇ ಬಿದ್ದಿದೆ, ಪುಕ್ಕಟೆ’ ಎಂದು ಹಳೆಯ ಡೆಸ್ಕ್‌ಟಾಪನ್ನು ಸರ್ವರ್ ಮಾಡುವುದು ಪುಕ್ಕಟೆ ಅಲ್ಲವೇ ಅಲ್ಲ.

2023ರ ಆಗಸ್ಟ್ 25ರ ರಾತ್ರಿ ಹೆಚ್ಚುಕಡಿಮೆ ಇಡೀ ಕೆನ್ಯಾ ಕತ್ತಲಾದದ್ದನ್ನು ಇಲ್ಲಿರುವವರು ಮರೆತಿಲ್ಲ. ಆದರೆ ಸರ್ವರ್‌ಗೆ ಅಂಥ ದೊಡ್ಡ ಕತ್ತಲಿಗಿಂತ ಸಣ್ಣ ಕಡಿತಗಳೇ ಹೆಚ್ಚು ಅಪಾಯ. ಕಿಲಿಮಾನಿಯ ಬಹುಮಹಡಿ ಕಟ್ಟಡಗಳಲ್ಲಿ ಜನರೇಟರ್ ಸಾಮಾನ್ಯ. ಕರೆಂಟು ಹೋಗಿ ಅದು ಎದ್ದು ನಿಲ್ಲುವಷ್ಟರಲ್ಲಿ ಕೆಲವು ಸೆಕೆಂಡು ಕಳೆಯುತ್ತವೆ. ಮನುಷ್ಯರಿಗೆ ಅದು ದೀಪ ಕಣ್ಣು ಮಿಟುಕಿಸಿದಷ್ಟೇ. ಬರೆಯುವ ನಡುವೆ ನಿಂತ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಫೈಲುಗಳು ಕೆಡಬಹುದು. ಜನರೇಟರ್ ಇದೆ, ಯುಪಿಎಸ್ ಏಕೆ ಎನ್ನುವವರಿಗೆ ಇದೇ ಉತ್ತರ. ಇಲ್ಲಿ ಯುಪಿಎಸ್ ಬೇಕಿರುವುದು ಗಂಟೆಗಟ್ಟಲೆ ಓಡಿಸಲು ಅಲ್ಲ, ಆ ಸೆಕೆಂಡುಗಳನ್ನು ದಾಟಿಸಲು. ಹಲವು ಎನ್100 ಪೆಟ್ಟಿಗೆಗಳು ರೂಟರಿನಂತೆ 12 ವೋಲ್ಟ್‌ನಲ್ಲೇ ಓಡುವುದರಿಂದ, ಒಳಗೆ ಎಸ್‌ಎಸ್‌ಡಿ ಮಾತ್ರ ಇದ್ದರೆ, ರೂಟರಿಗೆಂದು ಮಾರುವ ಪುಟ್ಟ ಡಿಸಿ ಯುಪಿಎಸ್ಸೇ ಸಾಕಾಗಬಹುದು. ಆಂಪಿಯರ್ ಎಷ್ಟೆಂದು ಅದರ ಬೆನ್ನ ಮೇಲೆ ಓದಿ. 3.5 ಇಂಚಿನ ಡಿಸ್ಕ್ ಇದ್ದರೆ ತಿರುಗಲಾರಂಭಿಸುವಾಗ ಅದೊಂದೇ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಆಗ 650 ವಿಎ ಆಸುಪಾಸಿನ ಮಾಮೂಲಿ ಯುಪಿಎಸ್ ಬೇಕು. ಯುಎಸ್‌ಬಿ ತಂತಿಯಿರುವಂಥದ್ದನ್ನೇ ಆರಿಸಿ, ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನೇ ಮಲಗುವಂತೆ ಮಾಡಬಹುದು. ಟಿವಿ ಗಾರ್ಡ್, ಫ್ರಿಜ್ ಗಾರ್ಡ್‌ಗಳು ವೋಲ್ಟೇಜು ಏರುಪೇರಾದಾಗ ಕರೆಂಟನ್ನೇ ಕತ್ತರಿಸುತ್ತವೆ. ಅವನ್ನು ಯುಪಿಎಸ್ಸಿನ ಮುಂದೆ ಹಾಕಬೇಕು, ಸರ್ವರಿನ ಮುಂದೆ ನೇರವಾಗಿ ಅಲ್ಲ.

ಸೆಖೆಯ ಚಿಂತೆ ಇಲ್ಲಿ ಕಡಿಮೆ. ಆದರೂ ನೈರೋಬಿ ಸಮುದ್ರಮಟ್ಟದಿಂದ 1,700 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಸುಮಾರು ಶೇ. 15ರಷ್ಟು ತೆಳು, ಹಾಗಾಗಿ ಶಾಖವನ್ನು ಕಡಿಮೆ ಒಯ್ಯುತ್ತದೆ. ಫ್ಯಾನಿಲ್ಲದ ಪೆಟ್ಟಿಗೆ ಕೊಂಡರೆ ಮುಚ್ಚಿದ ಕಪಾಟಿನೊಳಗೆ ಇಡಬೇಡಿ.

ಹಣ ಸುರಿಯಬೇಕಾದ್ದು ಡಿಸ್ಕಿಗೆ. ಒಂದು ಡಿವಿಡಿ 4.7ರಿಂದ 8.5 ಜಿಬಿ, ಒಂದು ಗಂಟೆಯ ಮಿನಿಡಿವಿ ಟೇಪು 13 ಜಿಬಿ. ನೂರು ಡಿವಿಡಿ, ನಲವತ್ತು ಟೇಪು ಸೇರಿದರೂ ಒಂದೂವರೆ ಟಿಬಿ ಮೀರುವುದಿಲ್ಲ. 4ಕೆ ಸಿನಿಮಾಗಳ ಹುಚ್ಚಿಲ್ಲದಿದ್ದರೆ 4 ಟಿಬಿ ಧಾರಾಳ. ಡಿಸ್ಕು ಸಿಎಂಆರ್ ವಿಧಾನದ್ದಾಗಿರಲಿ. ಎಸ್‌ಎಂಆರ್ ಡಿಸ್ಕಿನಲ್ಲಿ ಗೆರೆಗಳು ಹೆಂಚಿನಂತೆ ಒಂದರ ಮೇಲೊಂದು ಹೊದ್ದಿರುವುದರಿಂದ ಒಂದನ್ನು ತಿದ್ದಲು ಪಕ್ಕದ್ದನ್ನೂ ಬರೆಯಬೇಕು, ದೊಡ್ಡ ಬರವಣಿಗೆ ಆಮೆವೇಗಕ್ಕಿಳಿಯುತ್ತದೆ. ಡಬ್ಲ್ಯೂಡಿ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್ ಸಿಎಂಆರ್ ಡಿಸ್ಕುಗಳು. 3.5 ಇಂಚಿನ ಇವು ಮಿನಿ ಪಿಸಿಯೊಳಗೆ ಹಿಡಿಸುವುದಿಲ್ಲ, ಸ್ವಂತ ಅಡಾಪ್ಟರಿರುವ ಯುಎಸ್‌ಬಿ ಪೆಟ್ಟಿಗೆಯಲ್ಲಿ ಹೊರಗಿಡಬೇಕು. ಒಳಗಿನ ಜಾಗ ಸಾಮಾನ್ಯವಾಗಿ 7 ಮಿಲಿಮೀಟರ್ ದಪ್ಪದ 2.5 ಇಂಚಿನ ಡಿಸ್ಕಿಗೆ. 5 ಟಿಬಿಯ 2.5 ಇಂಚಿನದು 15 ಮಿಲಿಮೀಟರ್ ದಪ್ಪ, ಕೊಂಡು ತಂದರೆ ಕೂರುವುದಿಲ್ಲ.

ಎರಡು ಡಿಸ್ಕು ಕೊಳ್ಳಿ, ಆದರೆ ಒಂದನ್ನು ಇನ್ನೊಂದರ ಕನ್ನಡಿಯಾಗಿಸುವ ರೇಡ್ ಮಾಡಬೇಡಿ. ರೇಡ್‌ನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅದೇ ಕ್ಷಣ ಅಳಿಯುತ್ತದೆ. ಎರಡನೆಯದಕ್ಕೆ ಪ್ರತಿ ತೆಗೆದು ಬಿಚ್ಚಿಡಿ. ರಜೆಗೆ ಊರಿಗೆ ಹೋಗುವಾಗ ಮೂರನೆಯ ಪ್ರತಿಯೊಂದನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಿಟ್ಟುಬಂದರೆ ಕಳ್ಳತನ, ಬೆಂಕಿ ಯಾವುದಕ್ಕೂ ಹೆದರಬೇಕಿಲ್ಲ.

ನೈರೋಬಿಯ ಲುಥುಲಿ ಅವೆನ್ಯೂ ಕಡೆಯ ಅಂಗಡಿಯಲ್ಲಿ ಎಕ್ಸ್ ಯುಕೆ ಪೆಟ್ಟಿಗೆ ಕೊಳ್ಳುವಾಗ ಅಲ್ಲೇ ಚಾಲೂ ಮಾಡಿಸಿ. ಬಯಾಸ್‌ಗೆ ಹಳೆಯ ಕಚೇರಿಯ ಪಾಸ್‌ವರ್ಡ್ ಉಳಿದಿದೆಯೇ, ಕರೆಂಟು ಬಂದೊಡನೆ ತಾನೇ ಚಾಲೂ ಆಗುವ ಆಯ್ಕೆ ಇದೆಯೇ, ಅಡಾಪ್ಟರ್ ಅದೇ ಕಂಪನಿಯದೇ ನೋಡಿ. ಬ್ರಿಟನ್ನಿನ ಮೂರು ಚೌಕ ಪಿನ್ನಿನ ಪ್ಲಗ್ಗೇ ಇಲ್ಲಿಯದೂ ಆದ್ದರಿಂದ ಬೇರೇನೂ ಬೇಕಿಲ್ಲ. ಟಿವಿಗೂ ಸರ್ವರಿಗೂ ನಡುವೆ ಕಲ್ಲಿನ ಗೋಡೆಯಿದ್ದರೆ ವೈಫೈ ನಂಬದೆ ಈಥರ್ನೆಟ್ ತಂತಿ ಎಳೆಯಿರಿ. ಕೈಯಲ್ಲಿರುವ ಹಣ ಕಡಿಮೆಯೆನಿಸಿದರೆ ಮಿನಿ ಪಿಸಿಯನ್ನು ಮುಂದಿನ ತಿಂಗಳಿಗೆ ಹಾಕಿ. ಡಿಸ್ಕನ್ನು ಮೊದಲು ಕೊಂಡು, ಟೇಪ್ ಓಡಿಸುವ ಕ್ಯಾಮೆರಾ ಇನ್ನೂ ಕೆಲಸ ಮಾಡುತ್ತಿರುವಾಗಲೇ ಆ ಮಿನಿಡಿವಿಗಳನ್ನು ಡಿಸ್ಕಿಗೆ ಇಳಿಸಿಕೊಳ್ಳಿ.