ಪುಟ್ಟ ದೋಣಿಗೆ ಪುಟ್ಟ ಬೆಲೆಯೇ?

ಮಾದರಿ ದೋಣಿಗೆ ಬಣ್ಣ ಮಾಡಿಸಲು ಬಂದವರು ಅದನ್ನು ಮೇಜಿನ ಮೇಲಿಟ್ಟ ಕೂಡಲೇ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇಷ್ಟು ಚಿಕ್ಕದು ಸಾರ್, ಇದಕ್ಕೆಷ್ಟು ಬಣ್ಣ ಹಿಡಿದೀತು? ಅಡಿಗೆ ಎಷ್ಟು ಅಂತ ಹೇಳಿಬಿಡಿ.’ ರೇಟು ಕೇಳಿದ ಮೇಲೆ ಬರುವ ಮಾತು: ‘ಆ ದುಡ್ಡಿಗೆ ನನ್ನ ಸ್ಕೂಟರಿಗೇ ಪೇಂಟ್ ಆಗುತ್ತಲ್ಲ!’ ಎರಡೂ ಮಾತಿನ ಹಿಂದಿರುವುದು ಒಂದೇ ನಂಬಿಕೆ. ಬಣ್ಣದ ಕೆಲಸದ ಬೆಲೆಯೆಂದರೆ ಖರ್ಚಾದ ಬಣ್ಣದ ಬೆಲೆ; ವಸ್ತು ಚಿಕ್ಕದಾದರೆ ಬಣ್ಣ ಕಡಿಮೆ, ಬಣ್ಣ ಕಡಿಮೆಯಾದರೆ ದುಡ್ಡೂ ಕಡಿಮೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಇದು ಬುಡದಿಂದಲೇ ತಪ್ಪು. ಈ ತಪ್ಪು ಲೆಕ್ಕದಿಂದ ಒಳ್ಳೆಯ ಕೈಗಳು ಕೆಲಸವನ್ನೇ ಬಿಟ್ಟುಬಿಡುತ್ತವೆ. ಹಾಗಾಗಿ ಇದನ್ನು ಬಿಡಿಸಿ ಹೇಳಲೇಬೇಕು.

ರಿಮೋಟ್‌ನಲ್ಲಿ ಓಡುವ ಒಂದು ಫೈಬರ್‌ಗ್ಲಾಸ್ ರೇಸಿಂಗ್ ದೋಣಿಯನ್ನೇ ತೆಗೆದುಕೊಳ್ಳಿ. ಉದ್ದ 75 ಸೆಂಟಿಮೀಟರ್, ಅಂದರೆ ಸುಮಾರು ಎರಡೂವರೆ ಅಡಿ. ಬಿಳಿ ತಳ, ಅದರ ಮೇಲೆ ಇನ್ನೆರಡು ಬಣ್ಣದ ಪಟ್ಟೆಗಳು, ಕೊನೆಗೆ ಮಿರುಗುವ ಕ್ಲಿಯರ್ ಕೋಟ್. ಅಚ್ಚಿನಿಂದ ಬಂದ ದೋಣಿಯ ಮೈಮೇಲೆ ಮೇಣ ಅಂಟಿರುತ್ತದೆ. ಅಚ್ಚಿಗೆ ದೋಣಿ ಕಚ್ಚಿಕೊಳ್ಳದಿರಲಿ ಎಂದು ಹಚ್ಚಿದ್ದು ಅದು. ಅದನ್ನು ತೊಳೆದು ತೆಗೆಯದಿದ್ದರೆ ಮೇಲೆ ಎಂಥ ಬಣ್ಣ ಹಾಕಿದರೂ ಒಂದು ದಿನ ಸಿಪ್ಪೆಯಂತೆ ಎದ್ದುಬರುತ್ತದೆ. ತೊಳೆದು, ಒರಟು ಮಾಡಲು ಒಂದು ಗಂಟೆ. ಗಾಳಿಗುಳ್ಳೆಗಳು ಬಿಟ್ಟುಹೋದ ಸೂಜಿಮೊನೆಯಷ್ಟು ತೂತುಗಳಿಗೂ ಎರಡು ಅಚ್ಚು ಕೂಡಿದ ಗೆರೆಗೂ ಪಟ್ಟಿ ತುಂಬಿ, ಒಣಗಿಸಿ, ಉಜ್ಜಲು ಮೂರು ಗಂಟೆ. ಪ್ರೈಮರ್ ಹೊಡೆದು ಮತ್ತೆ ವಾಟರ್ ಪೇಪರ್‌ನಲ್ಲಿ ಉಜ್ಜಲು ಎರಡು. ಬಿಳಿಗೆ ಒಂದು. ಪಟ್ಟೆಗಳಿಗೆ ಟೇಪು ಅಂಟಿಸಲು ನಾಲ್ಕು. ಆ ಎರಡು ಬಣ್ಣ ಹೊಡೆಯಲು ಒಂದು. ಪ್ರತಿ ಬಣ್ಣಕ್ಕೂ ಸ್ಪ್ರೇ ಗನ್ ಬಿಚ್ಚಿ ತೊಳೆಯಲು ಒಟ್ಟು ಒಂದು. ಕ್ಲಿಯರ್‌ಗೆ ಒಂದು. ಕೊನೆಗೆ 1500, 2000 ನಂಬರಿನ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ಕಾಂಪೌಂಡ್ ಹಚ್ಚಿ ಹೊಳಪು ತರಲು ಮೂರು.

ಒಟ್ಟು ಹದಿನೇಳು ಗಂಟೆ. ಇದರಲ್ಲಿ ಬಣ್ಣ ಮತ್ತು ಕ್ಲಿಯರ್ ಹೊಡೆದದ್ದು ಮೂರೇ ಗಂಟೆ. ನುರಿತ ಕೈಗೆ ಗಂಟೆಗೆ 250 ರೂಪಾಯಿ ಎಂದಿಟ್ಟುಕೊಂಡರೂ ಕೂಲಿಯೇ 4250 ಆಯಿತು. ಪ್ರೈಮರ್, ಬಣ್ಣ, ಕ್ಲಿಯರ್, ಹಾರ್ಡನರ್, ಥಿನ್ನರ್, ಟೇಪು, ಪೇಪರ್, ಕೈಗವಸು ಎಲ್ಲಕ್ಕೂ 1500 ಹಿಡಿಯಿರಿ. 5750 ಆಯಿತು. ಇನ್ನೂ ಕೋಣೆಯ ಬಾಡಿಗೆ, ಕರೆಂಟು, ಕಂಪ್ರೆಸರ್‌ನ ಸವೆತ ಸೇರಿಸಿಲ್ಲ. ನಿಮ್ಮ ಊರಿನ ಕೂಲಿಗೆ ತಕ್ಕಂತೆ ಅಂಕಿಗಳನ್ನು ಹಿಗ್ಗಿಸಿ ಕುಗ್ಗಿಸಿ ನೋಡಿ. ಮೊತ್ತ ಬದಲಾದೀತು. ಕೂಲಿಯ ಪಾಲೇ ದೊಡ್ಡದು ಎಂಬುದು ಬದಲಾಗದು.

ಈಗ ದೋಣಿಯ ಉದ್ದ, ಅಗಲ, ಎತ್ತರ ಎಲ್ಲವನ್ನೂ ಅರ್ಧ ಮಾಡೋಣ. ಗಣಿತದ ಪ್ರಕಾರ ಮೈಯ ವಿಸ್ತೀರ್ಣ ಕಾಲು ಭಾಗಕ್ಕಿಳಿಯುತ್ತದೆ. ‘ಹಾಗಾದರೆ ಬೆಲೆಯೂ ಕಾಲು ಭಾಗ, ಹೋಗಲಿ ಅರ್ಧ’ ಎನ್ನುತ್ತಾರೆ. ಎಲ್ಲಿಂದ ಇಳಿಯಬೇಕು? ಗನ್ ತೊಳೆಯುವುದು ಅಷ್ಟೇ ಸಲ. ಪಟ್ಟೆಗಳು ಅಷ್ಟೇ, ಅವುಗಳ ಅಂಚುಗಳೂ ಅಷ್ಟೇ. ಆದರೆ ತಿರುವುಗಳು ಇನ್ನೂ ಬಿಗಿಯಾಗಿ, ಟೇಪು ಸುಕ್ಕಾಗದಂತೆ ಬಗ್ಗಿಸಲು ಇನ್ನಷ್ಟು ತಾಳ್ಮೆ ಬೇಕು. ಕ್ಲಿಯರ್‌ಗೆ ಹಾರ್ಡನರ್ ಅಳತೆ ಪ್ರಕಾರವೇ ಬೆರೆಸಬೇಕು. ತೀರಾ ನಾಲ್ಕು ಹನಿ ಬೆರೆಸಿದರೆ ಅಳತೆ ತಪ್ಪುತ್ತದೆ. ಬೆರೆಸಿ ಉಳಿದದ್ದು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗಿ ಕಸದ ಬುಟ್ಟಿ ಸೇರುತ್ತದೆ. ಉಜ್ಜುವುದರಲ್ಲಿ, ಹೊಳಪು ಕೊಡುವುದರಲ್ಲಿ ಮೂರು ಗಂಟೆ ಉಳಿದೀತು, ಸಾಮಗ್ರಿಯಲ್ಲಿ ಮುನ್ನೂರು ರೂಪಾಯಿ ಉಳಿದೀತು. 5750 ಇದ್ದದ್ದು 4700ಕ್ಕೆ ಬಂತು. ವಿಸ್ತೀರ್ಣ ಮುಕ್ಕಾಲು ಪಾಲು ಕಡಿಮೆಯಾದರೂ ಬೆಲೆ ಐದರಲ್ಲೊಂದು ಪಾಲೂ ಪೂರ್ತಿ ಇಳಿಯಲಿಲ್ಲ. ‘ಅಡಿಗೆ ಇಷ್ಟು’ ಎಂಬ ದರ ಇಲ್ಲೇ ಸತ್ತುಹೋಯಿತು.

ಇಷ್ಟು ಹೇಳಿದರೂ ಒಪ್ಪದವರಿಗೆ ಇನ್ನೊಂದು ದೋಣಿ ತೋರಿಸಬೇಕು. 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿದ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್ ಸುಮಾರು 262 ಮೀಟರ್ ಉದ್ದ. ಅದರ 350ರಲ್ಲಿ ಒಂದು ಅಳತೆಯ ಮಾದರಿ ಮಾಡಿದರೆ 75 ಸೆಂಟಿಮೀಟರ್ ಆಗುತ್ತದೆ. ನಮ್ಮ ರೇಸಿಂಗ್ ದೋಣಿಯಷ್ಟೇ ಉದ್ದ. ಅಡಿ ಲೆಕ್ಕದಲ್ಲಿ ಎರಡಕ್ಕೂ ಒಂದೇ ಬೆಲೆ! ಆದರೆ ಡೆಕ್ಕಿನ ಮೇಲಿನ ಒಂದು ಮೀಟರ್ ಅಗಲದ ಗೆರೆ ಈ ಮಾದರಿಯಲ್ಲಿ ಮೂರು ಮಿಲಿಮೀಟರಿಗೂ ಕಡಿಮೆ. ಅಂಥ ಗೆರೆಗಳು, ವೃತ್ತಗಳು, ನೌಕೆಯ ಸಂಖ್ಯೆ, ನೀರಿನ ಮಟ್ಟದಲ್ಲಿ ಸುತ್ತಲೂ ಹೋಗುವ ಕಪ್ಪು ಪಟ್ಟಿ, ಅದರ ಕೆಳಗಿನ ಬಣ್ಣ ಎಲ್ಲವೂ ಒಂದರ ಪಕ್ಕ ಒಂದು ಕೂದಲೆಳೆ ಆಚೀಚೆಯಾಗದಂತೆ ಕೂರಬೇಕು.

ಅದಕ್ಕಿಂತ ಕಷ್ಟದ್ದು ಬಣ್ಣದ ದಪ್ಪ. ಬಣ್ಣದ ಪದರ 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಎಂದುಕೊಳ್ಳಿ. ಈ ಅಳತೆಯಲ್ಲಿ ಅದು ನಿಜವಾದ ಹಡಗಿನ ಮೇಲೆ ಹದಿನೇಳೂವರೆ ಮಿಲಿಮೀಟರ್ ದಪ್ಪಕ್ಕೆ ಸಮ. ಯಾವ ಹಡಗಿನ ಮೇಲೆ ಬೆರಳಗಲದ ಬಣ್ಣವಿದೆ? ಹಾಗಾಗಿ ಪ್ರತಿ ಪದರವೂ ತೆಳ್ಳಗೆ ಕೂರಬೇಕು, ಇಲ್ಲವೇ ಬಾಗಿಲು, ಕಂಬಿ, ಕಿಟಕಿಗಳ ಅಂಚೆಲ್ಲ ಮುಚ್ಚಿಹೋಗುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದ ಧೂಳಿನ ಕಣ ಬಿದ್ದರೆ ಅದು ಹಡಗಿನ ಮೇಲೆ ಮೂರೂವರೆ ಸೆಂಟಿಮೀಟರಿನ ಉಂಡೆ. ಸ್ಕೂಟರಿನ ಮೇಲೆ ಕಣ್ಣಿಗೇ ಬೀಳದ ದೋಷ ಇಲ್ಲಿ ಇಡೀ ಕೆಲಸವನ್ನು ಕೆಡಿಸುತ್ತದೆ. ಚಿಕ್ಕದು ಸುಲಭವಲ್ಲ, ಚಿಕ್ಕದಾದಷ್ಟೂ ತಪ್ಪಿಗೆ ಜಾಗ ಕಡಿಮೆ.

ಇದನ್ನು ಚೆನ್ನಾಗಿ ಅರಿತಿದ್ದವರು ಮೊದಲ ಮಹಾಯುದ್ಧದ ಕಾಲದಲ್ಲಿದ್ದರು. ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿನ ಹಡಗುಗಳನ್ನು ಮುಳುಗಿಸುತ್ತಿದ್ದಾಗ, 1917ರಲ್ಲಿ ಕಲಾವಿದ ನಾರ್ಮನ್ ವಿಲ್ಕಿನ್ಸನ್ ಒಂದು ಉಪಾಯ ಹೂಡಿದ. ಹಡಗಿನ ಮೇಲೆ ಅಡ್ಡಾದಿಡ್ಡಿ ಪಟ್ಟೆ ಬಳಿದರೆ ಶತ್ರುವಿಗೆ ಅದು ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ಗುರಿ ಲೆಕ್ಕ ಸಿಗುವುದಿಲ್ಲ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇದಕ್ಕೆಂದೇ ಒಂದು ವಿಭಾಗ ತೆರೆದರು. ಮರದ ಪುಟ್ಟ ಮಾದರಿಗಳಿಗೆ ಮೊದಲು ಬಣ್ಣ ಹಾಕಿ, ತಿರುಗುವ ಮೇಜಿನ ಮೇಲಿಟ್ಟು, ಪೆರಿಸ್ಕೋಪಿನಲ್ಲಿ ನೋಡಿ ಪರೀಕ್ಷಿಸುತ್ತಿದ್ದರು. ಆಮೇಲಷ್ಟೇ ನಕ್ಷೆ ಬರೆದು ಬಂದರಿಗೆ ಕಳಿಸುತ್ತಿದ್ದರು. ಆ ಮಾದರಿಗಳಿಗೆ ಬಣ್ಣ ಹಾಕುವಲ್ಲಿ ಕಲೆ ಕಲಿತ ಹೆಣ್ಣುಮಕ್ಕಳ ಕೈ ದೊಡ್ಡದು. ಮೇಜಿನ ಮೇಲೆ ಕೂರುವ ಪುಟ್ಟ ವಸ್ತುವಿನ ಬಣ್ಣಕ್ಕೆ ತರಬೇತಾದ ಕಲಾವಿದರೇ ಬೇಕೆಂದು ಯುದ್ಧದ ಮಧ್ಯದಲ್ಲೂ ಒಂದು ಸರ್ಕಾರ ಒಪ್ಪಿತ್ತು. ಇವತ್ತು ಅದೇ ಪಟ್ಟೆಗಳ ಹಡಗಿನ ಮಾದರಿ ಬೇಕೆಂದು ಬರುವವರು ‘ಬರೀ ಕಪ್ಪು, ಬಿಳಿ, ನೀಲಿ ಅಲ್ಲವಾ, ಕಡಿಮೆ ಮಾಡಿ’ ಎನ್ನುತ್ತಾರೆ. ಎಡಬದಿಯ ಪಟ್ಟೆ ಬಲಬದಿಗೆ ಹೊಂದುವುದಿಲ್ಲ, ಎಷ್ಟೋ ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ. ಟೇಪಿನ ಕೆಲಸವೇ ದಿನಗಟ್ಟಲೆ ಹಿಡಿಯುತ್ತದೆ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸಬಹುದು.

‘ಮೇಲೆ ಕ್ಲಿಯರ್ ಹೊಡೆದರೆ ಕೆಳಗಿನ ಗೀರು ಮುಚ್ಚಿಹೋಗುತ್ತೆ.’ ಹೊಳಪು ಹೆಚ್ಚಿದಷ್ಟೂ ಗೀರು ಎದ್ದು ಕಾಣುತ್ತದೆ.

‘ಕೋಟ್ ಹೆಚ್ಚಾದಷ್ಟೂ ಬಾಳಿಕೆ ಹೆಚ್ಚು.’ ದಪ್ಪ ಬಣ್ಣ ಬೇಗ ಚಕ್ಕೆಯೇಳುತ್ತದೆ, ಜೊತೆಗೆ ರೇಸಿಂಗ್ ದೋಣಿಗೆ ಬೇಡದ ತೂಕ.

‘ನೀರಿಗಿಳಿಯುವುದಲ್ಲವಾ, ಹಡಗಿನ ಆಂಟಿಫೌಲಿಂಗ್ ಪೇಂಟೇ ಹಾಕಿ.’ ಅದು ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗಿಗೆ ಚಿಪ್ಪು, ಪಾಚಿ ಹತ್ತದಿರಲೆಂದು ತಾಮ್ರದಂಥ ವಿಷ ಸೇರಿಸಿದ ಬಣ್ಣ. ಅರ್ಧ ಗಂಟೆ ಕೆರೆಯಲ್ಲಿ ಓಡಿ ಮನೆಯ ಕಪಾಟು ಸೇರುವ ಮಾದರಿಗೆ ಅದು ಬರೀ ಒಂದು ಬಣ್ಣ, ಅಷ್ಟೆ.

‘ಅಂಗಡಿಯ ಸ್ಪ್ರೇ ಕ್ಯಾನ್ ಎಲ್ಲಕ್ಕೂ ಆಗುತ್ತೆ.’ ನೈಟ್ರೋ ಎಂಜಿನ್ನಿನ ಇಂಧನದಲ್ಲಿ ಮೆಥನಾಲ್, ನೈಟ್ರೋಮೀಥೇನ್ ಇರುತ್ತವೆ. ಮಾಮೂಲಿ ಕ್ಯಾನ್ ಬಣ್ಣದ ಮೇಲೆ ಅದು ಚೆಲ್ಲಿದರೆ ಬಣ್ಣ ಮೆತ್ತಗಾಗಿ ಕೈಗಂಟುತ್ತದೆ.

‘ಹಳೇ ಬಣ್ಣದ ಮೇಲೇ ಹೊಡೆಯಿರಿ, ಹೊಸದಕ್ಕಿಂತ ಕಡಿಮೆ ಆಗುತ್ತೆ.’ ಯಾರು ಹಾಕಿದರೋ, ಏನು ಹಾಕಿದರೋ ತಿಳಿಯದ ಬಣ್ಣವನ್ನು ಕೆರೆದು ತೆಗೆಯುವುದೇ ಹೊಸ ದೋಣಿಯ ಕೆಲಸಕ್ಕಿಂತ ಹೆಚ್ಚು.

‘ಮುಟ್ಟಿದರೆ ಒಣಗಿದೆ, ನಾಳೆ ಕೊಡಿ.’ ಕೈಗಂಟದಿರುವುದು ಬೇರೆ, ಒಳಗಿನಿಂದ ಗಟ್ಟಿಯಾಗುವುದು ಬೇರೆ. ಇನಾಮೆಲ್ ಪೂರ್ತಿ ಗಟ್ಟಿಯಾಗಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಮಳೆಗಾಲದಲ್ಲಂತೂ, ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು, ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಲ್ಯಾಕರ್ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಆ ದಿನ ಗನ್ ಕೆಳಗಿಟ್ಟು ಕಾಯುವವನೇ ಒಳ್ಳೆಯ ಕೆಲಸಗಾರ.

‘ಕೆಂಪಾದರೇನು, ಬೂದಿಯಾದರೇನು, ಎಲ್ಲ ಬಣ್ಣಕ್ಕೂ ಒಂದೇ ರೇಟು.’ ಹಳದಿ, ಕೆಂಪು ಬಣ್ಣಗಳು ಕೆಳಗಿನದನ್ನು ಸರಿಯಾಗಿ ಮುಚ್ಚುವುದಿಲ್ಲ, ಅವಕ್ಕೆ ಬಿಳಿ ತಳ ಬೇಕೇ ಬೇಕು. ಕ್ಯಾಂಡಿ ಬಣ್ಣವಂತೂ ಬೆಳ್ಳಿ ತಳದ ಮೇಲೆ ಹೊಡೆಯುವ ಪಾರದರ್ಶಕ ಪದರ; ಒಂದು ಕೋಟ್ ಹೆಚ್ಚಾದಲ್ಲಿ ಬಣ್ಣ ಗಾಢ, ಕಡಿಮೆಯಾದಲ್ಲಿ ಮಾಸಲು. ಒಂದು ಕಡೆ ಕೆಟ್ಟರೆ ಅಷ್ಟನ್ನೇ ತೇಪೆ ಹಾಕಲು ಬರುವುದಿಲ್ಲ, ಮತ್ತೆ ಮೊದಲಿನಿಂದ ಮಾಡಬೇಕು. ಆ ಅಪಾಯಕ್ಕೂ ಬೆಲೆಯಿದೆ.

ಬೆಲೆ ಕಟ್ಟುವಾಗ ಯಾರೂ ಬಾಯಿ ಬಿಟ್ಟು ಹೇಳದ ಇನ್ನೊಂದು ಖರ್ಚು ಕೆಲಸಗಾರನ ಶ್ವಾಸಕೋಶದ್ದು. ಗಟ್ಟಿ ಹೊಳಪು ಕೊಡುವ ಟು-ಕೆ ಕ್ಲಿಯರ್‌ನ ಹಾರ್ಡನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಮಂಜು ಒಳಹೋದರೆ ಆಸ್ತಮಾ ಬರಬಹುದು. ಒಮ್ಮೆ ಅಂಟಿದರೆ ಆಮೇಲೆ ತೀರಾ ಸ್ವಲ್ಪವೇ ತಾಗಿದರೂ ಉಸಿರು ಕಟ್ಟುತ್ತದೆ. ಇದಕ್ಕೆ ಬಟ್ಟೆಯ ಮಾಸ್ಕ್ ಏನೇನೂ ಸಾಲದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖಗವಸು ಬೇಕು, ಗಾಳಿ ಹೊರಹಾಕುವ ಫ್ಯಾನಿರುವ ಕೋಣೆ ಬೇಕು. ಕಡಿಮೆ ರೇಟಿಗೆ ಒಪ್ಪಿಕೊಂಡ ಹುಡುಗ ಮೊದಲು ಕೈಬಿಡುವುದು ಇವನ್ನೇ. ನೀವು ಉಳಿಸಿದ ಸಾವಿರ ರೂಪಾಯಿ ಅವನ ಎದೆಯಿಂದ ಬಂದದ್ದು. ಇದನ್ನು ಚೌಕಾಸಿಯಲ್ಲಿ ಗೆದ್ದೆ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹೀಗೇಕೆ ನಂಬುತ್ತೇವೆ? ಕಣ್ಣಿಗೆ ಕಂಡದ್ದನ್ನಷ್ಟೇ ಕೆಲಸ ಎಂದುಕೊಳ್ಳುತ್ತೇವೆ. ಒಂದು ನಿಮಿಷದ ವಿಡಿಯೋದಲ್ಲಿ ಬೋಳು ದೋಣಿ ಬರುತ್ತದೆ, ಗನ್ ಎರಡು ಸಲ ಆಚೀಚೆ ಹೋಗುತ್ತದೆ, ಟೇಪು ಕಿತ್ತ ಕೂಡಲೇ ಕನ್ನಡಿಯಂಥ ಮೈ. ಉಜ್ಜಿದ ಹೊತ್ತನ್ನು ಕತ್ತರಿಸಿ ಬಿಸಾಡಿರುತ್ತಾರೆ, ಏಕೆಂದರೆ ಅದನ್ನು ಯಾರೂ ನೋಡುವುದಿಲ್ಲ. ಆ ಕತ್ತರಿಸಿದ ಭಾಗವೇ ಬೆಲೆ. ಮುಗಿದ ದೋಣಿಯಲ್ಲೂ ಅದು ಕಾಣುವುದಿಲ್ಲ; ಮೈ ನುಣುಪಾಗಿದೆಯೆಂದರೆ ಉಜ್ಜಿದ ಗುರುತು ಅಳಿದಿದೆ ಎಂದೇ ಅರ್ಥ. ಕೆಲಸ ಚೆನ್ನಾದಷ್ಟೂ ಅದರ ಹಿಂದಿನ ದುಡಿಮೆ ಮರೆಯಾಗುತ್ತದೆ, ದುಡಿಮೆ ಮರೆಯಾದಷ್ಟೂ ಬೆಲೆ ದುಬಾರಿ ಅನಿಸುತ್ತದೆ.

ವಿಚಿತ್ರವೆಂದರೆ, ಬ್ಲೌಸ್ ಪೀಸಿಗಿಂತ ಹೊಲಿಗೆ ಕೂಲಿ ಹೆಚ್ಚಾದರೂ ಅದು ಸರಿಯೆಂದೇ ಕೊಡುವ ಜನ ನಾವು. ಅಲ್ಲಿ ಕೈಯ ಬೆಲೆ ನಮಗೆ ಅರ್ಥವಾಗುತ್ತದೆ. ಆಟಿಕೆಯಂತೆ ಕಾಣುವುದಕ್ಕೆ ಬಂದಾಗ ಮಾತ್ರ ಅದೇ ತಿಳಿವಳಿಕೆ ಹಾರಿಹೋಗುತ್ತದೆ. ‘ಹವ್ಯಾಸಕ್ಕೆ ಮಾಡೋದು ತಾನೇ’ ಎಂಬ ಮಾತೊಂದು ಸೇರಿಕೊಳ್ಳುತ್ತದೆ. ದೋಣಿ ಕಟ್ಟುವುದು ನಿಮ್ಮ ಹವ್ಯಾಸ. ಬಣ್ಣ ಹಾಕುವುದು ಅವನ ಹೊಟ್ಟೆಪಾಡು. ಎನ್‌ಸಿಸಿಯ ನೌಕಾ ವಿಭಾಗದಲ್ಲಿ ಹಡಗಿನ ಮಾದರಿ ಕಟ್ಟಿದ ಕೆಡೆಟ್‌ಗಳು ಇಂಥ ಚೌಕಾಸಿ ಮಾಡಲಾರರು. ಬಾಲ್ಸಾ ಮರದ ನಾರು ಮುಚ್ಚುವ ತನಕ ಸೀಲರ್ ಹಚ್ಚಿ, ಉಜ್ಜಿ, ಮತ್ತೆ ಹಚ್ಚಿದ ಬೆರಳುಗಳಿಗೆ ಲೆಕ್ಕ ಬಾಯಿಪಾಠ.

ಹಾಗೆಂದು ದೊಡ್ಡ ಮೊತ್ತ ಹೇಳಿದವರೆಲ್ಲ ಪ್ರಾಮಾಣಿಕರು ಎಂದು ನಂಬಬೇಕಿಲ್ಲ. ಅದೂ ಇನ್ನೊಂದು ಬಗೆಯ ಮುಗ್ಧತನವೇ. ಉದ್ದ ಕೇಳಿ ಕೂಡಲೇ ಬೆಲೆ ಹೇಳಿದವರನ್ನು ಅನುಮಾನಿಸಿ, ಅದು ಕಡಿಮೆಯಿರಲಿ, ಹೆಚ್ಚಿರಲಿ. ಒಳ್ಳೆಯ ಕೆಲಸಗಾರ ಮೊದಲು ತಾನೇ ಪ್ರಶ್ನೆ ಕೇಳುತ್ತಾನೆ: ದೋಣಿ ಫೈಬರೋ, ಎಬಿಎಸ್ ಪ್ಲಾಸ್ಟಿಕ್ಕೋ, ಮರವೋ? ಎಂಜಿನ್ ಬ್ಯಾಟರಿಯದೋ, ಇಂಧನದ್ದೋ? ಎಷ್ಟು ಬಣ್ಣ, ಎಷ್ಟು ಅಂಚು? ಓಡಿಸುವುದಕ್ಕೋ, ಗಾಜಿನ ಪೆಟ್ಟಿಗೆಯಲ್ಲಿಡುವುದಕ್ಕೋ? ನೀವೂ ಕೇಳಿ: ಇದರಲ್ಲಿ ತಯಾರಿಗೆಷ್ಟು, ಟೇಪಿಗೆಷ್ಟು, ಸಾಮಗ್ರಿಗೆಷ್ಟು? ಕೆಟ್ಟರೆ ಮತ್ತೆ ಮಾಡುವ ಹೊಣೆ ಯಾರದು? ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಕೂಲಿ ಕೊಯ್ಯಬೇಡಿ, ವಿನ್ಯಾಸ ಸರಳ ಮಾಡಿ. ಮೂರು ಬಣ್ಣದ ಬದಲು ಒಂದು, ಕನ್ನಡಿ ಹೊಳಪಿನ ಬದಲು ಮ್ಯಾಟ್ ಎಂದರೆ ಗಂಟೆಗಳೇ ಉಳಿಯುತ್ತವೆ, ಬೆಲೆ ನ್ಯಾಯವಾಗಿಯೇ ಇಳಿಯುತ್ತದೆ. ಅಡಿಪಟ್ಟಿಯನ್ನು ಮನೆಯಲ್ಲೇ ಬಿಟ್ಟುಬನ್ನಿ. ಗಂಟೆಗಳ ಲೆಕ್ಕ ಕೇಳಿ, ಅದು ಸರಿ ಕಂಡರೆ ಪೂರ್ತಿ ಕೊಡಿ.