ಮೂರನೇ ಮೆಟ್ಟಿನ ನಡುಕ

ವೇಮಗಲ್ ಸುತ್ತಮುತ್ತ ಗಣೇಶನ ಹಬ್ಬ ಮುಗಿದರೂ ಆರ್ಕೆಸ್ಟ್ರಾ ಮುಗಿಯುವುದಿಲ್ಲ. ರಾಜ್ಯೋತ್ಸವ ಕಳೆಯುವವರೆಗೂ ಯಾವುದಾದರೊಂದು ಹಳ್ಳಿಯಲ್ಲಿ ಪೆಂಡಾಲು ಎದ್ದೇ ಇರುತ್ತದೆ. ಅಂಥದೊಂದು ದಿನ ಪಕ್ಕದೂರಿನ ಹುಡುಗನೊಬ್ಬ ತನ್ನ ಬೇಸ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದ. ನಾನು ಓದಿದ್ದು ಭೌತಶಾಸ್ತ್ರ. ಸಂಜೆ ಹೊತ್ತು ಆಂಪ್ಲಿಫೈಯರು, ಗಿಟಾರು ಬಿಚ್ಚಿಕೊಂಡು ಕೂರುವುದು ನನ್ನ ಇಷ್ಟದ ಕೆಲಸ.

"ಅಣ್ಣಾ, ಇದರ ಕಥೆ ಮುಗೀತು. ಇದನ್ನ ಕೊಟ್ಟುಬಿಟ್ಟು ಬೆಂಗಳೂರಿಗೆ ಹೋಗಿ ಹೊಸದು ತರೋಣ ಅಂತಿದೀನಿ. ದಪ್ಪ ತಂತೀಲಿ ಮೂರನೇ ಫ್ರೆಟ್ ಹಿಡಿದ್ರೆ ಸ್ವರ ನಿಲ್ಲೋದೇ ಇಲ್ಲ, ನಡುಗುತ್ತೆ" ಅಂದ.

ಆಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸು ಅಂದೆ. ಕೈ ಹಾಕುವ ಮೊದಲೇ ಸ್ಪೀಕರಿನಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಮೂರನೇ ಫ್ರೆಟ್ ಒತ್ತಿ ಮೀಟಿದ. ಸ್ವರ ಏರಿತು, ತಗ್ಗಿತು, ಮತ್ತೆ ಏರಿತು. ಗಡಿಯಾರದ ಮುಳ್ಳು ನೋಡಿ ಎಣಿಸಿದೆ: ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಸಲ. ಈಗ ಎಲ್ಲಕ್ಕಿಂತ ತೆಳ್ಳಗಿನ ತಂತಿಯನ್ನು ಒತ್ತದೆ ಹಾಗೇ ಮೀಟು ಅಂದೆ. ಅಲ್ಲೂ ನಡುಕವಿತ್ತು, ಆದರೆ ಸೆಕೆಂಡಿಗೆ ಎರಡು ಸಲ. ಗಿಟಾರಿಗೆ ಏನೂ ಆಗಿಲ್ಲ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಬೇಸ್ ಗಿಟಾರಿನ ನಾಲ್ಕು ತಂತಿಗಳು ಸೆಕೆಂಡಿಗೆ ಸುಮಾರು 41, 55, 73 ಮತ್ತು 98 ಸಲ ಕಂಪಿಸುತ್ತವೆ. ದಪ್ಪ ತಂತಿಯಲ್ಲಿ ಮೂರನೇ ಮೆಟ್ಟು, ಅಂದರೆ ಫ್ರೆಟ್, ಹಿಡಿದರೆ ಬರುವುದು 49. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತದೆ. ಒಂದಕ್ಕೊಂದು ತೀರ ಹತ್ತಿರದ ಎರಡು ಸ್ವರಗಳು ಒಟ್ಟಿಗೆ ಮೊಳಗಿದರೆ ಒಮ್ಮೆ ಕೂಡಿ ಜೋರಾಗುತ್ತವೆ, ಒಮ್ಮೆ ಒಂದನ್ನೊಂದು ಅಳಿಸಿ ಕುಗ್ಗುತ್ತವೆ. ಹೀಗೆ ಸೆಕೆಂಡಿಗೆ ಎಷ್ಟು ಸಲ ಆಗುತ್ತದೆ ಎಂದರೆ ಎರಡರ ನಡುವಿನ ವ್ಯತ್ಯಾಸದಷ್ಟು. ತಂಬೂರಿ ಶ್ರುತಿ ಮಾಡುವವರು ಎರಡು ತಂತಿಗಳ ನಡುವೆ ಕಿವಿಗೊಟ್ಟು ಕೇಳುವುದೂ ಇದೇ ಅಲೆಯನ್ನು. ಅಲೆ ನಿಂತರೆ ಶ್ರುತಿ ಸೇರಿತು ಎಂದರ್ಥ. 50ರಲ್ಲಿ 49 ಕಳೆದರೆ ಒಂದು. ತೆಳು ತಂತಿಯ 98, ಕರೆಂಟಿನ ಗುಂಯ್‌ಗುಡುವಿಕೆಯ ಇಮ್ಮಡಿ 100, ವ್ಯತ್ಯಾಸ ಎರಡು. ಹುಡುಗನ ಸ್ವರದ ಜೊತೆ ಕರೆಂಟೂ ಹಾಡುತ್ತಿತ್ತು.

ಕರೆಂಟಿನ ಸ್ವರ ಎಂದಾಗ ನನಗೆ ನಮ್ಮ ಜಿಲ್ಲೆಯ ಒಂದು ಸಂಗತಿ ನೆನಪಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗಳಿಗೆ ತಂದ ವಿದ್ಯುತ್ತಿನ ಆವರ್ತನ 25 ಇತ್ತು. ಅದರ ಗುಂಯ್‌ಕಾರ ಇಂದಿನದಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಐದು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿಯೂ ಅಷ್ಟು ಕೆಳಗೆ ಇಳಿಯುವುದಿಲ್ಲ.

ಕರೆಂಟು ಗಿಟಾರಿನೊಳಗೆ ನುಗ್ಗುವುದು ಹೇಗೆ? ತಂತಿಗಳ ಕೆಳಗೆ ಪಿಕಪ್ ಎಂಬ ಕಪ್ಪು ಪಟ್ಟಿ ಇರುತ್ತದಲ್ಲ, ಅದರೊಳಗೆ ಅಯಸ್ಕಾಂತದ ಸುತ್ತ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅಲುಗಿದರೆ ಅಯಸ್ಕಾಂತದ ಬಲರೇಖೆಗಳು ಅಲುಗುತ್ತವೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ತತ್ವ ಇದು. ಆದರೆ ಸುರುಳಿಗೆ ನೆಂಟ ಯಾರು, ನೆರೆಯವ ಯಾರು ಎಂದು ಗೊತ್ತಾಗುವುದಿಲ್ಲ. ಪಕ್ಕದಲ್ಲಿರುವ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವೂ ಅದಕ್ಕೆ ಒಂದೇ, ತಂತಿಯದೂ ಒಂದೇ. ನಮ್ಮ ಕೋಣೆಯಲ್ಲಿ ಯುಪಿಎಸ್ ಇತ್ತು. ಹುಡುಗನನ್ನು ಅದರಿಂದ ದೂರ, ಬಾಗಿಲ ಹತ್ತಿರ ನಿಲ್ಲಿಸಿದೆ. ಗುಂಯ್ ಅರ್ಧಕ್ಕೆ ಇಳಿಯಿತು.

ಇನ್ನರ್ಧಕ್ಕೆ ಮದ್ದು ಅವನ ಗಿಟಾರಿನಲ್ಲೇ ಇತ್ತು. ಲಿಯೋ ಫೆಂಡರ್ 1951ರಲ್ಲಿ ಪ್ರೆಸಿಷನ್ ಬೇಸ್ ತಂದಾಗ ಅದಕ್ಕೆ ಇದ್ದದ್ದು ಒಂದೇ ಸುರುಳಿ. 1957ರಲ್ಲಿ ಅದನ್ನು ಎರಡು ತುಂಡು ಮಾಡಿದರು. ಒಂದಕ್ಕೆ ಅಯಸ್ಕಾಂತದ ಉತ್ತರ ಮೇಲೆ, ಇನ್ನೊಂದಕ್ಕೆ ದಕ್ಷಿಣ ಮೇಲೆ. ಸುತ್ತಿನ ದಿಕ್ಕೂ ತಿರುಗುಮುರುಗು. ಹೊರಗಿನಿಂದ ಬಂದ ಗುಂಯ್‌ಕಾರ ಎರಡು ಸುರುಳಿಗಳಲ್ಲಿ ಎದುರುಬದುರಾಗಿ ಹುಟ್ಟಿ ಅಳಿದುಹೋಗುತ್ತದೆ. ತಂತಿಯ ಸದ್ದು ಮಾತ್ರ ಎರಡು ಸಲ ತಿರುಗಿ ನೆಟ್ಟಗಾಗಿ ಉಳಿದುಕೊಳ್ಳುತ್ತದೆ. ಈ ಒಂದು ಉಪಾಯವನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. 1960ರಲ್ಲಿ ಬಂದ ಜಾಸ್ ಬೇಸ್ ಮಾದರಿಯಲ್ಲಿ ಪಿಕಪ್‌ಗಳು ಎರಡು, ಒಂದೊಂದಕ್ಕೆ ಒಂದೊಂದು ವಾಲ್ಯೂಮ್. ಇಂದಿನ ಬಹುತೇಕ ಇಂಥ ಗಿಟಾರುಗಳಲ್ಲಿ ಎರಡೂ ನಾಬ್ ಸಮನಾಗಿದ್ದರೆ ಗುಂಯ್ ಅಳಿಯುತ್ತದೆ, ಒಂದನ್ನು ಇಳಿಸಿದರೆ ಮರಳುತ್ತದೆ. ಹುಡುಗನದು ಇದೇ ಮಾದರಿಯ ಅಗ್ಗದ ಗಿಟಾರು. ದಪ್ಪ ನಾದ ಬೇಕೆಂದು ಅವನು ಹಿಂದಿನ ಪಿಕಪ್ಪನ್ನು ಪೂರ್ತಿ ಮುಚ್ಚಿಟ್ಟಿದ್ದ. ನಾನೇ ಕೈಹಾಕಿ ಎರಡೂ ನಾಬ್‌ಗಳನ್ನು ಕೊನೆಯವರೆಗೆ ತಿರುಗಿಸಿದೆ. ಕೋಣೆ ನಿಶ್ಶಬ್ದವಾಯಿತು. ಮೂರನೇ ಮೆಟ್ಟಿನ ಸ್ವರ ನೆಟ್ಟಗೆ ನಿಂತಿತು.

ಗಿಟಾರಿನ ಹೊಟ್ಟೆಗೆ ತಾಮ್ರದ ಹಾಳೆ ಅಂಟಿಸಿದರೆ ಎಲ್ಲ ಸದ್ದೂ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಳೆ ತಡೆಯುವುದು ವಿದ್ಯುತ್ ಕ್ಷೇತ್ರವನ್ನು. ಡಿಮ್ಮರು, ಬಣ್ಣದ ಲೈಟುಗಳಿಂದ ಬರುವ ಚಿರ್ ಎನ್ನುವ ಸದ್ದಿಗೆ ಅದು ಒಳ್ಳೆಯದು. ಟ್ರಾನ್ಸ್‌ಫಾರ್ಮರಿನ 50 ಸೈಕಲ್ ಕಾಂತಕ್ಷೇತ್ರ ಆ ಹಾಳೆಯನ್ನು ದಾಟಿ ಬರುತ್ತದೆ. ಎರಡೂ ಬೇರೆ ರೋಗ, ಔಷಧಿಯೂ ಬೇರೆ.

ಗಿಟಾರನ್ನು ಚೀಲಕ್ಕೆ ಹಾಕುತ್ತಾ ಹುಡುಗ ಇನ್ನೊಂದು ಮಾತು ಸೇರಿಸಿದ. "ಸ್ಟೇಜ್ ಮೇಲೆ ಕೋರಸ್ ಹಾಡೋವಾಗ ತುಟಿ ಮೈಕಿಗೆ ತಾಗಿದ್ರೆ ಚುರ್ ಅನ್ನುತ್ತೆ ಅಣ್ಣಾ, ಅದು ಎಲ್ಲಾ ಕಡೆ ಇದ್ದದ್ದೇ."

ನಾನು ಎದ್ದು ನಿಂತೆ. ಬೇಸ್ ಗಿಟಾರಿನ ಕುದುರೆಯಿಂದ ಒಳಗೆ ಒಂದು ಸಣ್ಣ ವೈರು ಹೋಗುತ್ತದೆ. ಅದು ತಂತಿಗಳನ್ನು ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆಗೆ, ಅಲ್ಲಿಂದ ಪ್ಲಗ್ಗಿನ ಮೂರನೇ ಪಿನ್ನಿನ ಮೂಲಕ ಭೂಮಿಗೆ ಜೋಡಿಸುತ್ತದೆ. ಎಲ್ಲವೂ ಸರಿ ಇದ್ದರೆ ತಂತಿ ಭೂಮಿಯಷ್ಟೇ ತಣ್ಣಗಿರುತ್ತದೆ. ಅರ್ಥ್ ಇಲ್ಲದಿದ್ದರೆ, ಪೆಟ್ಟಿಗೆಗೆ ಒಳಗಿನಿಂದ ಕರೆಂಟು ಸೋರಿದರೆ, ಅದು ನೇರ ಬೆರಳಿಗೆ ಬರುತ್ತದೆ. ಮೈಕು ಬೇರೆ ಕಡೆಯಿಂದ ಭೂಮಿಗೆ ಜೋಡಿಸಿದ್ದರೆ ದಾರಿ ಪೂರ್ತಿಯಾಯಿತು: ಕೈಯಿಂದ ತುಟಿಗೆ, ನಡುವೆ ಎದೆ. 1972ರಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ವೇಲ್ಸ್‌ನ ಸ್ವಾನ್ಸೀಯಲ್ಲಿ ವೇದಿಕೆಯ ಮೇಲೆಯೇ ಹೀಗೆ ಮೈಕು ಮುಟ್ಟಿ ಸತ್ತರು. ಚುರ್ ಎನ್ನುವುದು ಇದ್ದದ್ದೇ ಎಂದು ಯಾರೂ ಸುಮ್ಮನಾಗಬಾರದು.

ನಮ್ಮ ಸೀಮೆಯಲ್ಲಿ ಈ ಅಪಾಯ ಹೆಚ್ಚು, ಅದಕ್ಕೆ ಕಾರಣ ಮಣ್ಣು. ಮಣ್ಣಿನಲ್ಲಿ ಕರೆಂಟು ಹರಿಯುವುದು ತೇವದಲ್ಲಿ ಕರಗಿದ ಲವಣಗಳ ಮೂಲಕ. ತೇವ ಆರಿದರೆ ಮಣ್ಣಿನ ತಡೆ ಹಲವು ಪಟ್ಟು ಏರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಕಾಣದ ಊರುಗಳಿರುವ ಜಿಲ್ಲೆ ಇದು. ಬೇಸಿಗೆಯಲ್ಲಿ ಅರ್ಥ್ ಗುಂಡಿಗಳು ಹೆಸರಿಗೆ ಮಾತ್ರ ಇರುತ್ತವೆ. ಹಿರಿಯ ಎಲೆಕ್ಟ್ರಿಷಿಯನ್ನರು ಗುಂಡಿಗೆ ಇದ್ದಿಲು, ಉಪ್ಪು ಹಾಕಿ ವಾರಕ್ಕೊಂದು ಕೊಡ ನೀರು ಸುರಿಸುತ್ತಿದ್ದುದು ಸುಮ್ಮನೆ ಅಲ್ಲ. ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಅದನ್ನು ಕರೆಂಟಿಗೆ ದಾರಿ ಮಾಡುತ್ತದೆ. ಅದರ ಜೊತೆಗೆ ಪೆಂಡಾಲಿನ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಹೊರಟ ಕರೆಂಟಿಗೂ ಮರಳಿದ ಕರೆಂಟಿಗೂ ಅಷ್ಟು ವ್ಯತ್ಯಾಸ ಕಂಡರೆ ಅದು ಕ್ಷಣದಲ್ಲಿ ಕತ್ತರಿಸುತ್ತದೆ. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್ ಕಿತ್ತು ಹಾಕುವವರನ್ನು ಕಂಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಮರುದಿನ ಗಿಟಾರನ್ನು ಬಿಚ್ಚಿ ಕೂತೆವು. ಮೊದಲ ಕೆಲವು ಮೆಟ್ಟುಗಳಲ್ಲಿ ತಂತಿ ಜರ್ ಎಂದು ಒದರುತ್ತಿತ್ತು. ಅದು ಫ್ರೆಟ್ ಬಜ್: ಕಂಪಿಸುವ ತಂತಿ ಮುಂದಿನ ಲೋಹದ ಮೆಟ್ಟಿಗೆ ಮತ್ತೆ ಮತ್ತೆ ತಾಗುವುದು. ಇದೇ ತಾಗುವಿಕೆ ತಂಬೂರಿಯಲ್ಲಿ ಪ್ರಾಣ. ಅಲ್ಲಿ ಕುದುರೆಯ ಮೇಲ್ಮೈಯನ್ನು ಸ್ವಲ್ಪ ಬಾಗಿಸಿ, ತಂತಿಯ ಕೆಳಗೆ ನೂಲಿನೆಳೆ ಸರಿಸಿ, ತಂತಿ ಹದವಾಗಿ ಸವರಿಕೊಂಡು ಹೋಗುವಂತೆ ಮಾಡಿ ಜೀವ ತರಿಸುತ್ತಾರೆ. ತಂತಿಯನ್ನು ಎಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದು ಎಂಬ ಹಳೆಯ ನಿಯಮವನ್ನು ತಂಬೂರಿ, ವೀಣೆಗಳು ಮೀರುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ಬರೆದರು. ಬೆಂಗಳೂರಿಗೆ ಅವರು ಬರುವುದಕ್ಕೆ ಹನ್ನೆರಡು ವರ್ಷ ಮೊದಲಿನ ಮಾತು. ಸ್ಪರ್ಶ ಒಂದೇ. ತಂಬೂರಿಯಲ್ಲಿ ಅದನ್ನು ಹುಡುಕಿ ತರುತ್ತೇವೆ, ಬೇಸಿನಲ್ಲಿ ಹುಡುಕಿ ತೆಗೆಯುತ್ತೇವೆ.

ತೆಗೆಯುವ ಬಗೆ ಹೀಗೆ. ನಾಲ್ಕು ತಂತಿಗಳೂ ಸೇರಿ ದಂಡಿಯನ್ನು ಸುಮಾರು 75 ಕಿಲೋ ಬಲದಿಂದ ಎಳೆಯುತ್ತವೆ, ಒಂದೂವರೆ ಮೂಟೆ ಸಿಮೆಂಟಿನ ಭಾರ. ಮರ ಮುಂದಕ್ಕೆ ಬಾಗುತ್ತದೆ. ಅದನ್ನು ಎದುರಿಸಲು ದಂಡಿಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಹುದುಗಿಸಿರುತ್ತಾರೆ. ದಪ್ಪ ತಂತಿಯನ್ನು ಮೊದಲ ಮತ್ತು ಕೊನೆಯ ಮೆಟ್ಟಿನಲ್ಲಿ ಒತ್ತಿ ಹಿಡಿದರೆ ತಂತಿಯೇ ನೇರವಾದ ಅಳತೆಪಟ್ಟಿ. ನಡುವೆ ಏಳನೇ ಮೆಟ್ಟಿನ ಬಳಿ ಒಂದು ವಿಸಿಟಿಂಗ್ ಕಾರ್ಡು ನುಸುಳುವಷ್ಟು, ಅಂದರೆ 0.3 ಮಿಲಿಮೀಟರಿನ ಆಸುಪಾಸು, ಸಂದು ಇರಬೇಕು. ಹುಡುಗನದರಲ್ಲಿ ಸಂದೇ ಇರಲಿಲ್ಲ. ಯಾರೋ ಸರಳನ್ನು ಅತಿಯಾಗಿ ಬಿಗಿದಿದ್ದರು. ಕಾಲು ಸುತ್ತು ಸಡಿಲಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ಅಷ್ಟೇ ಸಡಿಲಿಸಿದೆ. ಆತುರ ಮಾಡಿದರೆ ಸರಳಿನ ತಿರುಪು ಹರಿಯುತ್ತದೆ, ಆಗ ಗಿಟಾರು ನಿಜವಾಗಿಯೂ ಹೋದಂತೆಯೇ.

ಬೇಸಿಗೆಯಲ್ಲಿ ಮೆಟ್ಟುಗಳ ತುದಿ ಕೈಗೆ ಗೀರುತ್ತದೆ ಎಂಬುದು ಅವನ ಇನ್ನೊಂದು ದೂರು. ಮರ ಒಣಗಿದಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಬಹುಪಾಲು ಹಾಗೇ ಉಳಿಯುತ್ತದೆ. ಲೋಹದ ಮೆಟ್ಟು ಕುಗ್ಗುವುದಿಲ್ಲ, ಅದರ ತುದಿ ಹೊರಗೆ ಇಣುಕುತ್ತದೆ. ಸಣ್ಣ ಅರದಿಂದ ತುದಿಗಳನ್ನು ಉಜ್ಜಿದೆವು. ಮೆಟ್ಟುಗಳನ್ನು ಕೂರಿಸುವ ಈ ಹಲಗೆಗೆ ಲೋಕದ ತುಂಬ ಬಳಸುವ ಮರ ನಮ್ಮ ಮಲೆನಾಡಿನ, ಕೊಡಗಿನ ಬೀಟೆ. ಬ್ರೆಜಿಲಿನ ಬೀಟೆ ಅಪರೂಪವಾದ ಮೇಲೆ ಗಿಟಾರು ಮಾಡುವವರ ಕಣ್ಣು ಇಲ್ಲಿಗೆ ತಿರುಗಿತು. 2017ರ ಜನವರಿ 2ರಿಂದ ಬೀಟೆ ಕುಲದ ಎಲ್ಲ ಮರಗಳೂ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಗೆ ಒಳಪಟ್ಟಾಗ ಹಲವು ಕಂಪನಿಗಳು ಪಾವ್ ಫೆರೋದಂಥ ಮರಗಳಿಗೆ ಹೊರಳಿದವು. ತಯಾರಾದ ವಾದ್ಯಗಳಿಗೆ 2019ರ ನವೆಂಬರ್ 26ರಿಂದ ವಿನಾಯಿತಿ ಸಿಕ್ಕಿತು. ನಾದಕ್ಕೆ ಆ ಹಲಗೆ ಇಂಥದೇ ಮರದ್ದಾಗಿರಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಬೇಸಿನ ಸದ್ದು ತಂತಿ, ಪಿಕಪ್, ಬೆರಳುಗಳಿಂದ ಬರುವುದೇ ಹೆಚ್ಚು. ದಂಡಿ ಗಟ್ಟಿಯಾಗಿರಬೇಕು, ಅದು ಬೇರೆ ಮಾತು: ತಂತಿಯ ಸ್ವರಕ್ಕೆ ದಂಡಿಯೇ ನಡುಗಿದರೆ ಆ ಶಕ್ತಿಯನ್ನು ಅದು ಕುಡಿದುಬಿಡುತ್ತದೆ, ಸ್ವರ ಬೇಗ ಸಾಯುತ್ತದೆ. ಬಹಳಷ್ಟು ಬೇಸ್‌ಗಳಲ್ಲಿ ತೆಳು ತಂತಿಯ ಐದರಿಂದ ಏಳನೇ ಮೆಟ್ಟಿನ ನಡುವೆ ಎಲ್ಲೋ ಇಂಥ ಒಂದು ಜಾಗ ಸಿಗುತ್ತದೆ.

ಹಳೆಯ ಗಿಟಾರು ಕೊಳ್ಳಲು ಹೋಗುವವರು ಬಣ್ಣ ನೋಡುವ ಮೊದಲು ಆ ಜಾಗಗಳಲ್ಲಿ ಒಂದೊಂದೇ ಮೆಟ್ಟು ನುಡಿಸಿ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಬೇಕು. ದಂಡಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ತಿರುಚಿದೆಯೇ ನೋಡಬೇಕು. ಬಾಗಿದ್ದನ್ನು ಸರಳು ಸರಿಪಡಿಸುತ್ತದೆ, ತಿರುಚಿದ್ದನ್ನು ಸರಿಪಡಿಸುವುದು ಬಹಳ ಕಷ್ಟ. ನಾಬ್ ತಿರುಗಿಸಿದಾಗ ಕರಕರ ಎಂದರೆ ಹೆದರಬೇಕಿಲ್ಲ, ಅದು ಧೂಳು. ಜ್ಯಾಕಿನ ವೈರು ಬಿಟ್ಟಿದ್ದರೆ ಒಂದು ಹನಿ ಬೆಸುಗೆ ಸಾಕು. ಮಾಮೂಲಿ ಬೇಸಿನ ತಂತಿಯ ಉದ್ದ 34 ಇಂಚು, 864 ಮಿಲಿಮೀಟರ್. ಕೈ ಚಿಕ್ಕದಿದ್ದರೆ 30 ಇಂಚಿನದು ಸಿಗುತ್ತದೆ, ಮಕ್ಕಳಿಗೆ ಅದೇ ಸರಿ.

ಕೊನೆಗೆ ಹೊಸ ತಂತಿ ಕಟ್ಟಿ ಹನ್ನೆರಡನೇ ಮೆಟ್ಟಿನ ಸ್ವರವನ್ನು ನೋಡಿದೆವು. ಅದು ತಂತಿಯ ಸರಿ ಅರ್ಧ, 432 ಮಿಲಿಮೀಟರ್. ಒತ್ತಿದಾಗ ತಂತಿ ಕೊಂಚ ಹಿಗ್ಗುವುದರಿಂದ ಸ್ವರ ತುಸು ಮೇಲೇರುತ್ತದೆ, ಅದಕ್ಕೆ ಕುದುರೆಯನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಸರಿಸಬೇಕು. ವೀಣೆಯವರು ಮೇಣದ ಮೇಲೆ ಮೇಳ ಕಟ್ಟುವಾಗ ಪ್ರತಿ ಮೆಟ್ಟನ್ನೂ ಕಿವಿಯಿಂದ ಕೂರಿಸುತ್ತಾರೆ. ಗಿಟಾರಿನ ಮೆಟ್ಟುಗಳು ಅಲುಗುವುದಿಲ್ಲ, ಕುದುರೆ ಮಾತ್ರ ಅಲುಗುತ್ತದೆ. "ಲೈಟಿನ ಬಿಸಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತೆ, ನೆನಪಿರಲಿ" ಅಂದೆ. "ತಮಟೆಗೆ ಉಲ್ಟಾ ಅಲ್ವಾ ಅಣ್ಣಾ, ಬೆಂಕಿ ತೋರಿಸಿದ್ರೆ ಏರುತ್ತೆ" ಅಂದ. ಹೌದು, ಚರ್ಮ ತೇವ ಕಳೆದುಕೊಂಡು ಬಿಗಿಯುತ್ತದೆ, ಉಕ್ಕು ಕಾದು ಸಡಿಲವಾಗುತ್ತದೆ.

ಕಾರ್ಯಕ್ರಮದ ಸಂಜೆ ನಾನೂ ಹೋದೆ. ಪೆಂಡಾಲಿನ ಹಿಂದೆ ಅರ್ಥ್ ಗುಂಡಿಗೆ ಎರಡು ಕೊಡ ನೀರು ಸುರಿದಾಗಿತ್ತು, ಮಣ್ಣು ಇನ್ನೂ ಗುಳುಗುಳು ಅನ್ನುತ್ತಿತ್ತು. ತಂಡದವರು ಮೊದಲು ಎತ್ತಿಕೊಂಡಿದ್ದು 1981ರ 'ಗೀತಾ' ಚಿತ್ರದ ಹಾಡು. ಇಳಯರಾಜ ಅವರ ಹಾಡುಗಳಲ್ಲಿ ಬೇಸ್ ಕೇಳಿಯೇ ನಮ್ಮ ಕಡೆಯ ಎಷ್ಟೋ ಹುಡುಗರು ಈ ವಾದ್ಯ ಹಿಡಿದಿದ್ದಾರೆ. ಹುಡುಗ ಎಡಗೈಯಲ್ಲಿ ಗಿಟಾರು ಹಿಡಿದು, ಬಲಗೈಯಲ್ಲಿ ಜೇಬಿನಿಂದ ಟೆಸ್ಟರ್ ತೆಗೆದು ಮೈಕಿನ ಜಾಲರಿಗೆ ಮುಟ್ಟಿಸಿದ. ದೀಪ ಹತ್ತಲಿಲ್ಲ. ತಂತಿಗೂ ಮುಟ್ಟಿಸಿ ನೋಡಿದ. ಆಮೇಲೆ ಟೆಸ್ಟರನ್ನು ಜೇಬಿಗೆ ಇಳಿಬಿಟ್ಟು, ಎರಡೂ ನಾಬ್‌ಗಳನ್ನು ಕೊನೆಯವರೆಗೆ ತಿರುಗಿಸಿ, ಡ್ರಮ್ಸಿನವನ ಕಡೆ ತಲೆ ಆಡಿಸಿದ.