ಹೆಸರಿನ ಪಕ್ಕದ ಹಸಿರು ಚುಕ್ಕಿ

ಆಟ ತೆರೆದ ಕೂಡಲೇ ಗೇಮರ್‌ನ ಕಣ್ಣು ಹೋಗುವುದು ಪರದೆಯ ಅಂಚಿನಲ್ಲಿರುವ ಪಟ್ಟಿಯ ಕಡೆಗೆ. ಯಾರು ಬಂದಿದ್ದಾರೆ? ಯಾರು ಮ್ಯಾಚ್‌ನಲ್ಲಿದ್ದಾರೆ? ಯಾರ ಹೆಸರು ಬೂದು ಬಣ್ಣಕ್ಕೆ ತಿರುಗಿದೆ? ಹಸಿರು ಚುಕ್ಕಿ ಕಂಡರೆ 'ಬಾ ಮಗಾ, ಒಂದು ಮ್ಯಾಚ್' ಎಂದು ಕರೆ ಹೋಗುತ್ತದೆ. ಕಾಣದಿದ್ದರೆ ಕಣ್ಣು ಮುಂದಿನ ಹೆಸರಿಗೆ ಜಾರುತ್ತದೆ. ಆಟಗಳಲ್ಲಿ, ಮೆಸೆಂಜರ್‌ಗಳಲ್ಲಿ, ಆಫೀಸಿನ ಚಾಟ್‌ನಲ್ಲಿ ಎಲ್ಲೆಲ್ಲೂ ಇರುವ ಈ ಏರ್ಪಾಡು ನಮಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಇದನ್ನೂ ಯಾರೋ ಒಬ್ಬರು ಕೂತು ಮಾಡಿರಬೇಕಲ್ಲ ಎಂಬುದು ಹೊಳೆಯುವುದೇ ಇಲ್ಲ.

 

ಈ ಚುಕ್ಕಿಯ ಮುತ್ತಜ್ಜ ಹುಟ್ಟಿದ್ದು 1971ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ. ಒಂದೇ ದೊಡ್ಡ ಕಂಪ್ಯೂಟರನ್ನು ಹತ್ತಾರು ಜನ ತಮ್ಮ ತಮ್ಮ ಟರ್ಮಿನಲ್‌ನಿಂದ ಹಂಚಿಕೊಂಡು ಬಳಸುತ್ತಿದ್ದ ಕಾಲ ಅದು. ಆ ಹೊತ್ತಿಗೆ ಯಾರು ಲಾಗಿನ್ ಆಗಿದ್ದಾರೆ ಎಂದು ತೋರಿಸುವ ಪಟ್ಟಿಯೊಂದು ಆಗಲೇ ಇತ್ತು. ಆದರೆ ಅದರಲ್ಲಿದ್ದದ್ದು ಬಳಕೆದಾರರ ಸಂಕೇತಾಕ್ಷರಗಳು ಮತ್ತು ಟರ್ಮಿನಲ್ ಸಂಖ್ಯೆಗಳು ಮಾತ್ರ. ಜನ ಪರದೆಯ ಮೇಲೆ ಬೆರಳಾಡಿಸುತ್ತ 'ಇದು ಯಾರು, ಎಲ್ಲಿ ಕೂತಿದ್ದಾನೆ' ಎಂದು ಹುಡುಕುವುದನ್ನು ನೋಡಿದ ಲೆಸ್ ಅರ್ನೆಸ್ಟ್ ಎಂಬ ವಿಜ್ಞಾನಿ 'ಫಿಂಗರ್' ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಅದು ಪೂರ್ತಿ ಹೆಸರು ಹೇಳುತ್ತಿತ್ತು, ಎಲ್ಲಿದ್ದಾರೆಂದು ಹೇಳುತ್ತಿತ್ತು, ಕೀಲಿಮಣೆ ಮುಟ್ಟಿ ಎಷ್ಟು ಹೊತ್ತಾಯಿತು ಎಂಬುದನ್ನೂ ಹೇಳುತ್ತಿತ್ತು.

ಅದರ ಜೊತೆಗೇ ಇನ್ನೊಂದು ಸೌಕರ್ಯ ಸೇರಿತು, 'ಪ್ಲಾನ್' ಎಂಬ ಕಡತ. ಪ್ರಯೋಗಾಲಯಕ್ಕೆ ಬಾರದಿದ್ದವನು ತಾನೇಕೆ ಬಂದಿಲ್ಲ, ಎಲ್ಲಿ ಸಿಗುತ್ತೇನೆ, ಯಾವಾಗ ಬರುತ್ತೇನೆ ಎಂದು ಅದರಲ್ಲಿ ಬರೆದಿಡಬಹುದಿತ್ತು. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಅತಿ ಮುಖ್ಯವಾದ ವಿವರ ಇದೇ. ಇರುವಿಕೆಯನ್ನು ತೋರಿಸುವ ಆ ಹಳೆಯ ಯಂತ್ರಕ್ಕೆ ಇಲ್ಲದಿರುವಿಕೆಗೂ ಒಂದು ಜಾಗ ಬೇಕು ಎಂಬ ಅರಿವಿತ್ತು. ಮುಂದೆ ಆ ಕಡತ ನಮ್ಮ ಗೇಮಿಂಗ್ ಲೋಕಕ್ಕೂ ಬಂತು. 'ಡೂಮ್' (1993) ಮತ್ತು 'ಕ್ವೇಕ್' (1996) ಕಟ್ಟಿದ ಜಾನ್ ಕಾರ್ಮ್ಯಾಕ್ ತಮ್ಮ ಪ್ಲಾನ್ ಕಡತದಲ್ಲಿ ಆಯಾ ದಿನ ಸರಿಪಡಿಸಿದ ದೋಷಗಳನ್ನೂ ತಲೆಯಲ್ಲಿ ಓಡುತ್ತಿದ್ದ ಯೋಚನೆಗಳನ್ನೂ ಬರೆಯುತ್ತಿದ್ದರು. ಜಗತ್ತಿನ ಯಾವುದೋ ಮೂಲೆಯ ಹುಡುಗರು ಫಿಂಗರ್ ಮಾಡಿ ಅದನ್ನು ಓದುತ್ತಿದ್ದರು. ಆಮೇಲೆ ಬಂದ ಪಟ್ಟಿಗಳು ಹಸಿರು ಚುಕ್ಕಿಯನ್ನು ಉಳಿಸಿಕೊಂಡವು. ಗೈರುಹಾಜರಿಯ ಟಿಪ್ಪಣಿ ಮೊದಮೊದಲು 'ಅವೇ' ಎಂಬ ಸಂದೇಶವಾಗಿ ಬದುಕಿತ್ತು, ಆಮೇಲೆ ಸವೆಯುತ್ತ ಹೋಯಿತು.

ಆಟದ ಕಡೆಯ ಕವಲು ಇಂಗ್ಲೆಂಡಿನದು. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ 'ಮಡ್' ಎಂಬ ಆಟ ಶುರು ಮಾಡಿದ. ಅವನ ಗೆಳೆಯ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ಚಿತ್ರವಿಲ್ಲ, ಬರೀ ಅಕ್ಷರ. ಆದರೂ ಒಂದೇ ಲೋಕದಲ್ಲಿ ಹಲವರು ಒಟ್ಟಿಗೇ ತಿರುಗಾಡಬಹುದಿತ್ತು. ವಿಶ್ವವಿದ್ಯಾಲಯದ ಕೆಲಸ ಮುಗಿದ ಮೇಲೆ, ಸರಿರಾತ್ರಿಯಲ್ಲಿ, ಹೊರಗಿನವರು ಫೋನ್ ಮೂಲಕ ಒಳಬಂದು ಆಡುತ್ತಿದ್ದರು. ಈ ಬಗೆಯ ಆಟಗಳಲ್ಲಿ ಒಂದು ಆಜ್ಞೆ ಟೈಪ್ ಮಾಡಿದರೆ ಆಗ ಒಳಗಿರುವವರೆಲ್ಲರ ಹೆಸರು ಕಾಣುತ್ತಿತ್ತು. ಗೆಳೆಯ, ವೈರಿ, ಅಪರಿಚಿತ, ಎಲ್ಲರೂ ಅಲ್ಲೇ. ನಮ್ಮೂರ ಕಟ್ಟೆಯಂತೆ ಅದು. ಯಾರನ್ನಾದರೂ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ನಾಲ್ಕು ದಿನ ಒಬ್ಬ ಕಾಣದಿದ್ದರೆ 'ಯಾಕೋ ಇವನು ಬರ್ತಾನೇ ಇಲ್ವಲ್ಲ' ಎಂದು ಯಾರಾದರೂ ಕೇಳುತ್ತಾರೆ.

ಕಟ್ಟೆ ಒಡೆದು ಪಟ್ಟಿಯಾದದ್ದು 1996-97ರಲ್ಲಿ. ಇಸ್ರೇಲಿನ ಮಿರಾಬಿಲಿಸ್ ಎಂಬ ಪುಟ್ಟ ಕಂಪನಿ 1996ರ ನವೆಂಬರ್‌ನಲ್ಲಿ ಐಸಿಕ್ಯೂ ತಂದಿತು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ಹೆಸರಿನ ಪಕ್ಕದಲ್ಲಿ ಬಣ್ಣ ಬದಲಿಸುವ ಒಂದು ಹೂವು. ಮರುವರ್ಷ ಅಮೆರಿಕದ ಎಒಎಲ್ ತನ್ನ ಮೆಸೆಂಜರನ್ನು ಬಿಟ್ಟಿತು. ಅದರಲ್ಲಿ ಗೆಳೆಯ ಬಂದರೆ ಬಾಗಿಲು ತೆರೆದ ಸದ್ದು, ಹೋದರೆ ಮುಚ್ಚಿದ ಸದ್ದು. ಇಷ್ಟಾದ ಮೇಲೆ ನೀವು ಎಲ್ಲಿಗೂ ಹೋಗಬೇಕಿರಲಿಲ್ಲ. ನೀವೇ ಆರಿಸಿಕೊಂಡ ಹತ್ತೋ ಇಪ್ಪತ್ತೋ ಹೆಸರು ನಿಮ್ಮ ಪರದೆಗೇ ಬಂದು ಸಾಲಾಗಿ ನಿಲ್ಲುತ್ತಿದ್ದವು. ದೊಡ್ಡ ಅನುಕೂಲವೇ. ಆದರೆ ಇಂಥ ಪಟ್ಟಿ ಯಾರನ್ನೂ ವಿಚಾರಿಸುವುದಿಲ್ಲ. ಬಾರದವನ ಹೆಸರನ್ನು ಕೆಳಕ್ಕೆ ತಳ್ಳಿ ಸುಮ್ಮನಾಗುತ್ತದೆ.

ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ದಾವಣಗೆರೆಯ ನಮಗೆ ಅದು ಸಿಕ್ಕಿದ್ದು ಇನ್ನೂ ಕೆಲವು ವರ್ಷಗಳ ಮೇಲೆ, ಸೈಬರ್ ಕೆಫೆಗಳ ರೂಪದಲ್ಲಿ. ಹೊರಗೆ ಬೋರ್ಡಿನಲ್ಲಿ 'ಪ್ರಾಜೆಕ್ಟ್ ವರ್ಕ್, ರಿಸಲ್ಟ್, ರೆಸ್ಯೂಮೆ' ಎಂದು ಬರೆದಿರುತ್ತಿತ್ತು. ಒಳಗೆ ಪ್ಲೈವುಡ್ ಗೂಡುಗಳಲ್ಲಿ 'ಕೌಂಟರ್-ಸ್ಟ್ರೈಕ್' ನಡೆಯುತ್ತಿತ್ತು. ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು ಹುಡುಗರು 1999ರಲ್ಲಿ 'ಹಾಫ್-ಲೈಫ್' ಆಟವನ್ನು ಬಿಚ್ಚಿ ಕಟ್ಟಿದ ಮಾರ್ಪಾಡು ಅದು. ಆಡಲು ಇಂಟರ್‌ನೆಟ್ ಬೇಕಿರಲಿಲ್ಲ, ಕೆಫೆಯ ಕಂಪ್ಯೂಟರ್‌ಗಳನ್ನು ಜೋಡಿಸಿದ್ದ ಲ್ಯಾನ್ ಕೇಬಲ್ ಸಾಕಿತ್ತು. ಎದುರಾಳಿ ಎರಡು ಗೂಡು ಆಚೆ ಕೂತಿರುತ್ತಿದ್ದ. ಹೆಡ್‌ಶಾಟ್ ಬಿದ್ದರೆ ಬೈಗುಳ ಹೆಡ್‌ಫೋನಿನಲ್ಲೂ ಕೇಳುತ್ತಿತ್ತು, ಗೋಡೆಯ ಮೇಲಿನಿಂದಲೂ ಕೇಳುತ್ತಿತ್ತು. ಆಟ ಮುಗಿದರೆ ಉಳಿದ ಚಿಲ್ಲರೆಗೆ ಮಂಡಕ್ಕಿ, ಮೆಣಸಿನಕಾಯಿ.

ಆ ಗೂಡುಗಳಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ನಮ್ಮ ಬೀದಿಯ ಹುಡುಗ. ಗೋಲಿ, ಲಗೋರಿಯಿಂದ ಹಿಡಿದು 'ಡಸ್ಟ್ 2' ನಕ್ಷೆಯವರೆಗೆ ಒಟ್ಟಿಗೇ ಬೆಳೆದೆವು. ಅವನ ಆಟದ ರೀತಿ ಬೇರೆಯೇ. ಯೋಜನೆ ಎಂದರೆ ಆಗದು. ಸುತ್ತು ಶುರುವಾದ ಕೂಡಲೇ ಯಾರಿಗೂ ಕಾಯದೆ ಬಿ ಸೈಟಿಗೆ ನುಗ್ಗುವುದು, ಸಾಯುವುದು, ಸತ್ತ ಮೇಲೆ ಉಳಿದವರಿಗೆ ಹೇಗೆ ಆಡಬೇಕೆಂದು ಉಪದೇಶ ಮಾಡುವುದು. ಹತ್ತನೇ ತರಗತಿ ಮುಗಿದಾಗ ಅವನ ತಂದೆಗೆ ವರ್ಗವಾಯಿತು. ಮೊದಲು ಕಲಬುರಗಿ, ಆಮೇಲೆ ಪುಣೆ.

ಹಿಂದಿನ ತಲೆಮಾರಿನಲ್ಲಾಗಿದ್ದರೆ ಈ ಸ್ನೇಹ ಅಲ್ಲಿಗೇ ನಾಲ್ಕು ಕಾಗದಗಳಲ್ಲಿ ಮುಗಿಯುತ್ತಿತ್ತೇನೋ. ನಮ್ಮದನ್ನು ಉಳಿಸಿದ್ದು ಆಟ. 2003ರ ಸೆಪ್ಟೆಂಬರ್‌ನಲ್ಲಿ ವಾಲ್ವ್ ಕಂಪನಿ 'ಸ್ಟೀಮ್' ತಂದಿತ್ತು. ಮರುವರ್ಷ ಹಳೆಯ ಸರ್ವರ್ ಜಾಲ ಮುಚ್ಚಿದ ಮೇಲೆ ಇಂಟರ್‌ನೆಟ್ಟಿನಲ್ಲಿ ಕೌಂಟರ್-ಸ್ಟ್ರೈಕ್ ಆಡುವವರು ಅಲ್ಲಿಗೇ ಬರಬೇಕಾಯಿತು. ಸೈಬರ್‌ನಲ್ಲಿ ಯಾರು ಬೇಕಾದರೂ ಯಾವ ಹೆಸರು ಬೇಕಾದರೂ ಹಾಕಿಕೊಳ್ಳಬಹುದಿತ್ತು. ಸ್ಟೀಮ್‌ನಲ್ಲಿ ಖಾತೆ, ಪಾಸ್‌ವರ್ಡ್, ಗೆಳೆಯರ ಪಟ್ಟಿ. ನಿಕ್‌ನೇಮಿಗೆ ಒಂದು ಬಾಳು ಬಂತು. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಿತ್ತು. ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಲೆಕ್ಕವಿಲ್ಲದ ಡೌನ್‌ಲೋಡ್ ಇದ್ದ ಅದರ ಯೋಜನೆ ಒಂದಿಡೀ ಪೀಳಿಗೆಯ ಹುಡುಗರ ನಿದ್ದೆ ತಿಂದಿದೆ. ನಾವಿಬ್ಬರೂ ಅಲಾರಂ ಇಟ್ಟು ಏಳುತ್ತಿದ್ದೆವು. ಸಿಂಗಪುರದ ಸರ್ವರ್, ಪಿಂಗ್ ಮುನ್ನೂರರ ಹತ್ತಿರ, ಮನೆಯವರು ಏಳಬಾರದೆಂದು ಪಿಸುಮಾತು. ಪುಣೆಯಲ್ಲಿದ್ದರೂ ಅವನ ನಿಕ್‌ನೇಮ್ ಶುರುವಾಗುತ್ತಿದ್ದದ್ದು ದಾವಣಗೆರೆ ಗಾಡಿಗಳ ನಂಬರಿನಿಂದ: ಕೆಎ-17. ಮನೆ ಸುದ್ದಿ, ಕಾಲೇಜು, ಅವನಿಗಿದ್ದ ಒಂದು ಪ್ರೇಮ, ಎಲ್ಲವೂ ಸುತ್ತು ಮತ್ತು ಸುತ್ತಿನ ನಡುವಿನ ಕೆಲವೇ ಸೆಕೆಂಡುಗಳಲ್ಲಿ ಚೂರುಚೂರಾಗಿ ಬರುತ್ತಿದ್ದವು.

ಆಮೇಲೆ ಇಬ್ಬರಿಗೂ ಕೆಲಸ, ಮನೆ. ಆಟ ಕಡಿಮೆಯಾಯಿತು. ಆದರೂ ರಾತ್ರಿ ಅವನ ಹೆಸರಿನ ಪಕ್ಕದ ಚುಕ್ಕಿ ನೋಡಿದರೆ 'ಇದ್ದಾನೆ' ಎಂಬ ನೆಮ್ಮದಿ. ಮಾತಾಡಲೇಬೇಕೆಂದಿರಲಿಲ್ಲ. ಒಂದು ದಿನ ಆ ಚುಕ್ಕಿ ಬೂದಾಯಿತು, ಮತ್ತೆ ಹಸಿರಾಗಲಿಲ್ಲ. ಹುಡುಕಲು ಹೊರಟಾಗ ಸಿಕ್ಕಿದ್ದೆಲ್ಲ ಇಷ್ಟು: ಅವನು ಎಷ್ಟು ಗಂಟೆ ಆಡಿದ್ದಾನೆಂಬ ಲೆಕ್ಕ, ಗೆದ್ದ ಪದಕಗಳು, ಕೊನೆಯ ಬಾರಿ ಯಾವಾಗ ಬಂದಿದ್ದನೆಂಬ ಒಂದು ಸಾಲು. ಫೋನ್ ನಂಬರ್ ಬೇರೆಯವರ ಕೈಗೆ ಹೋಗಿತ್ತು. ಬೀದಿಯಲ್ಲಿದ್ದ ಮನೆಯನ್ನು ಅವರು ಎಂದೋ ಮಾರಿದ್ದರು, ಅಕ್ಕಪಕ್ಕದವರೂ ಹೊಸಬರು. ಶಾಲೆಯ ವಾಟ್ಸ್ಆಪ್ ಗುಂಪಿನಲ್ಲಿ ಅವನು ಎಂದೂ ಇರಲಿಲ್ಲ. ಅವನಿಗೆ ಏನಾಯಿತು, ಬೇಸತ್ತು ಆಟ ಬಿಟ್ಟನೇ, ಪಾಸ್‌ವರ್ಡ್ ಮರೆತನೇ, ಇನ್ನೇನಾದರೂ ಆಯಿತೇ, ಬೂದು ಬಣ್ಣ ಇವುಗಳಲ್ಲಿ ವ್ಯತ್ಯಾಸ ತೋರಿಸುವುದಿಲ್ಲ.

ಹೀಗೆ ಒಬ್ಬೊಬ್ಬರಾಗಿ ಅಲ್ಲದೆ ಗುಂಪುಗುಂಪಾಗಿಯೂ ಗೆಳೆಯರು ಕಳೆದುಹೋಗಿದ್ದಾರೆ. ಜಿಯೋ ಬಂದ ಮೇಲೆ ಮೊಬೈಲಿಗೇ ಬಂದ 'ಪಬ್‌ಜಿ'ಯಲ್ಲಿ ನಮ್ಮ ಹಳ್ಳಿಹಳ್ಳಿಯ ಹುಡುಗರು ಸ್ಕ್ವಾಡ್ ಕಟ್ಟಿದರು. ಹಾವೇರಿಯವನಿಗೆ ಅಸ್ಸಾಮಿನವನು ಗೆಳೆಯನಾದ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಅದೂ ಒಂದು. ಅಕ್ಟೋಬರ್ 30ಕ್ಕೆ ಸರ್ವರ್ ಪೂರ್ತಿ ನಿಂತಿತು. ನಿಷೇಧದ ಸರಿತಪ್ಪು ಬೇರೆ ವಿಷಯ. ಆದರೆ ಗೆಳೆಯನ ನಿಕ್‌ನೇಮ್ ಬಿಟ್ಟು ಬೇರೇನೂ ಗೊತ್ತಿಲ್ಲದವರಿಗೆ ಅವತ್ತು ಗೆಳೆಯನೇ ಹೋದ. 2021ರ ಜುಲೈನಲ್ಲಿ 'ಬಿಜಿಎಂಐ' ಎಂಬ ಹೆಸರಿನಲ್ಲಿ ಆಟ ಮರಳಿತು, ಹಳೆಯ ಖಾತೆ ತಂದುಕೊಳ್ಳಲು ಆ ವರ್ಷದ ಕೊನೆಯವರೆಗೆ ಗಡುವೂ ಇತ್ತು. ತಂದುಕೊಂಡವರು ಬಂದರು, ಅಷ್ಟೇ.

ಸೇವೆ ಮುಚ್ಚಿದರೂ ಬಿಡದೆ ಹಟ ಹಿಡಿದವರೂ ಇದ್ದಾರೆ. ಮೊದಲ ಎಕ್ಸ್‌ಬಾಕ್ಸ್‌ನ ಆನ್‌ಲೈನ್ ಸೇವೆಯನ್ನು ಮೈಕ್ರೋಸಾಫ್ಟ್ 2010ರ ಏಪ್ರಿಲ್ ಮಧ್ಯದಲ್ಲಿ ಮುಚ್ಚಿದಾಗ 'ಹೇಲೋ 2' ಆಡುತ್ತಿದ್ದ ಕೆಲವರು ಹೊರಬರಲೇ ಇಲ್ಲ. ಒಮ್ಮೆ ಹೊರಬಂದರೆ ಮತ್ತೆ ಒಳಗೆ ಹೋಗುವಂತಿಲ್ಲ. ಒಳಗಿರುವವರೆಗೆ ಆಟ ನಡೆಯುತ್ತದೆ. ಹಾಗಾಗಿ ಯಂತ್ರವನ್ನು ಆರಿಸದೆ ವಾರಗಟ್ಟಲೆ ಉಳಿದರು. ಕೊನೆಯವನ ಸಂಪರ್ಕ ಕಡಿದದ್ದು ಮೇ ತಿಂಗಳಲ್ಲಿ.

ಇವೆಲ್ಲಕ್ಕಿಂತ ನಾರ್ವೆಯ ಮ್ಯಾಟ್ಸ್ ಸ್ಟೀನ್ ಕತೆ ನನ್ನನ್ನು ಹೆಚ್ಚು ಕಾಡಿದೆ. ಸ್ನಾಯುಗಳು ಕ್ರಮೇಣ ಸೋಲುವ ಡುಶೆನ್ ಎಂಬ ಕಾಯಿಲೆ ಅವನದು. ಬಾಲ್ಯದಲ್ಲೇ ಗಾಲಿಕುರ್ಚಿ ಸೇರಿದ ಹುಡುಗ ಬೆಳೆಯುತ್ತ ದಿನದ ಬಹುಪಾಲನ್ನು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ಕಳೆದ. ಮಗ ಕೋಣೆಯಲ್ಲಿ ಒಬ್ಬನೇ ಕೂತು ಬದುಕು ಸವೆಸಿದ, ಗೆಳೆತನ, ಪ್ರೀತಿ ಯಾವುದನ್ನೂ ಕಾಣಲಿಲ್ಲ ಎಂದು ತಂದೆತಾಯಿ ನೊಂದಿದ್ದರು. 2014ರ ನವೆಂಬರ್‌ನಲ್ಲಿ, 25ನೇ ವಯಸ್ಸಿಗೆ, ಮ್ಯಾಟ್ಸ್ ತೀರಿಕೊಂಡ. ಅವನ ಬ್ಲಾಗಿನ ಪಾಸ್‌ವರ್ಡ್ ಮನೆಯವರ ಬಳಿ ಇತ್ತು. ತಂದೆ ರಾಬರ್ಟ್ ಅಲ್ಲಿ ಸಾವಿನ ಸುದ್ದಿ ಬರೆದು, ತಮ್ಮ ಇಮೇಲ್ ವಿಳಾಸ ಕೊಟ್ಟರು. ಯಾರಾದರೂ ಓದುತ್ತಾರೆಂಬ ಭರವಸೆ ಅಷ್ಟೇನೂ ಇರಲಿಲ್ಲ.

ಪತ್ರಗಳು ಬರತೊಡಗಿದವು. ಒಂದಾದ ಮೇಲೊಂದು, ಯುರೋಪಿನ ಬೇರೆಬೇರೆ ದೇಶಗಳಿಂದ. ಮ್ಯಾಟ್ಸ್ ಆಟದಲ್ಲಿ ಇಬೆಲಿನ್ ಎಂಬ ಕಟ್ಟುಮಸ್ತಾದ ಪತ್ತೇದಾರನಾಗಿದ್ದ. 'ಸ್ಟಾರ್‌ಲೈಟ್' ಎಂಬ ಗಿಲ್ಡಿನ, ಅಂದರೆ ಆಟಗಾರರ ಕೂಟದ, ಸದಸ್ಯ. ಮನೆಯವರೊಂದಿಗೆ ಜಗಳವಾಡಿದವರು, ಖಿನ್ನತೆಗೆ ಜಾರಿದವರು ಅವನೊಂದಿಗೆ ಮಾತಾಡಿ ಹಗುರಾಗಿದ್ದರು. ಅವರಲ್ಲಿ ಕೆಲವರು ಅಂತ್ಯಕ್ರಿಯೆಗೆ ಗಡಿ ದಾಟಿ ಬಂದರು. ಗಿಲ್ಡ್ ಉಳಿಸಿಟ್ಟಿದ್ದ ಸಾವಿರಾರು ಪುಟಗಳ ಸಂಭಾಷಣೆಯನ್ನು ಆಧರಿಸಿ ನಿರ್ದೇಶಕ ಬೆಂಜಮಿನ್ ರೀ ಅವನ ಆಟದೊಳಗಿನ ಬದುಕನ್ನು ಚಿತ್ರವಾಗಿಸಿದರು. ಆ ಸಾಕ್ಷ್ಯಚಿತ್ರ 2024ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ಕಂಡು, ಅದೇ ವರ್ಷ ನೆಟ್‌ಫ್ಲಿಕ್ಸ್‌ಗೂ ಬಂತು.

ಈ ಕತೆಯನ್ನು 'ನೋಡಿ, ಆನ್‌ಲೈನ್ ಸ್ನೇಹವೂ ನಿಜವೇ' ಎಂದು ಸಾಧಿಸಲು ಬಳಸುವವರು ಬಹಳ. ಅದನ್ನು ನಮಗೆ ಯಾರೂ ಸಾಧಿಸಿ ತೋರಿಸಬೇಕಿಲ್ಲ. ನನಗೆ ಕಂಡದ್ದು ಬೇರೆ. ಸ್ಟಾರ್‌ಲೈಟ್ ಪಟ್ಟಿಯಾಗಿರಲಿಲ್ಲ, ಕಟ್ಟೆಯಾಗಿತ್ತು. ಅಲ್ಲಿ ಒಬ್ಬ ಬಾರದಿದ್ದರೆ ಕೇಳುವವರಿದ್ದರು. ಅಂಥ ಗಿಲ್ಡಿಗೂ ಮ್ಯಾಟ್ಸ್ ಮನೆಗೂ ಇದ್ದ ದಾರಿ ಎಷ್ಟು ಸಣ್ಣದು ನೋಡಿ: ಒಂದು ಪಾಸ್‌ವರ್ಡ್. ಅದು ಮನೆಯವರಿಗೆ ಗೊತ್ತಿರದಿದ್ದರೆ ಗೆಳೆಯರಿಗೆ ಅವನ ಸಾವು ತಿಳಿಯುವುದು ಕಷ್ಟವಿತ್ತು. ತಂದೆತಾಯಿಗೆ ಅವನ ಬದುಕು ತಿಳಿಯುತ್ತಲೇ ಇರಲಿಲ್ಲ.

ಪಟ್ಟಿಗಳೂ ಶಾಶ್ವತವಲ್ಲ. ಐಸಿಕ್ಯೂ 2024ರ ಜೂನ್‌ನಲ್ಲಿ ಮುಚ್ಚಿತು, ಎಒಎಲ್ ಮೆಸೆಂಜರ್ 2017ರಲ್ಲಿ, ಯಾಹೂ ಮೆಸೆಂಜರ್ 2018ರಲ್ಲಿ, ಆರ್ಕುಟ್ 2014ರಲ್ಲಿ. ಕಂಪನಿಗಳಿಗೆ ಇದು ಲೆಕ್ಕಪತ್ರದ ವಿಷಯ, ಅವರನ್ನು ದೂರಿ ಫಲವಿಲ್ಲ. ಸ್ಟೀಮ್ ಖಾತೆಯನ್ನು ಉಯಿಲು ಬರೆದು ಕೊಡಲೂ ನಿಯಮ ಒಪ್ಪುವುದಿಲ್ಲ. ಆದರೆ ಗೂಗಲ್ 2013ರಿಂದ ಒಂದು ಸೌಲಭ್ಯ ಕೊಟ್ಟಿದೆ. ನೀವು ಮೂರು ತಿಂಗಳಿಂದ ಹದಿನೆಂಟು ತಿಂಗಳವರೆಗೆ ಒಂದು ಅವಧಿ ಆರಿಸಿಟ್ಟರೆ, ಅಷ್ಟು ಕಾಲ ನಿಮ್ಮ ಖಾತೆ ನಿಶ್ಚಲವಾಗಿದ್ದಾಗ ನೀವು ಹೆಸರಿಸಿದ ಹತ್ತು ಜನರವರೆಗೆ ಅದು ಸುದ್ದಿ ಮುಟ್ಟಿಸುತ್ತದೆ. ಅರ್ನೆಸ್ಟ್ ಅವರ ಪ್ಲಾನ್ ಕಡತಕ್ಕೆ ಇವತ್ತು ಉಳಿದಿರುವ ಹತ್ತಿರದ ನೆಂಟ ಇದೊಂದೇ ಎನಿಸುತ್ತದೆ. 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಎಂದು ಹುಡುಕಿದರೆ ಸಿಗುತ್ತದೆ.

ಆಡುವವರಲ್ಲಿ ಒಂದು ಕೋರಿಕೆ. ಆ ಹತ್ತು ಜನರಲ್ಲಿ ಒಬ್ಬರಾದರೂ ನಿಮ್ಮೊಂದಿಗೆ ಆಡುವವರಿರಲಿ. ನಿಮ್ಮ ಸ್ಕ್ವಾಡಿನ ಒಬ್ಬ ಗೆಳೆಯನ ನಿಜವಾದ ಹೆಸರು, ಊರು, ಫೋನ್ ನಂಬರನ್ನು ಮನೆಯ ಡೈರಿಯಲ್ಲಿ ಬರೆದಿಡಿ. ನಿಮ್ಮ ಮನೆಯ ನಂಬರನ್ನು ಅವನಿಗೆ ಕೊಡಿ. ಇವತ್ತು ಮ್ಯಾಚ್ ಶುರುವಾಗುವ ಮೊದಲೇ ಕೇಳಿಬಿಡಿ.